ಕಕ್ಕಡದ ಮಳೆಯಲ್ಲಿ ಮಿಸ್ಟೇರ್‌ಗೆ ಬೆಳ್ಳಿ ಮೈ

"ಡಿಸೆಂಬರ್ ತನಕ ಕಾಯಿ ಮಾರಾಯ. ಮಳೆಗಾಲದಲ್ಲಿ ಮೆಟಲ್ ಲ್ಯಾಕರ್ ನಿಲ್ಲಲ್ಲ." ಕಿಟ್ ತಂದು ಜೋಡಿಸುವ ಪ್ಲಾಸ್ಟಿಕ್ ಮಾಡೆಲ್ ವಿಮಾನಕ್ಕೆ ಹೊಡೆಯುವ, ಲೋಹದ ಹಾಗೆ ಹೊಳೆಯುವ ಬಣ್ಣದ ಮಾತಿದು. ಬೆಂಗಳೂರಿನ ಗೆಳೆಯರು ನಾಲ್ಕು ವರ್ಷದಿಂದ ಇದೇ ರಾಗ ಹಾಡುತ್ತಿದ್ದರು. ಅವರಿಗೇನು, ಹೇಳುತ್ತಾರೆ. ನಮ್ಮ ಮನೆ ಮಡಿಕೇರಿ ಹತ್ತಿರದ ಗಾಳಿಬೀಡಿನ ಕಡೆ. ಡಿಸೆಂಬರ್ ಬಂತೆಂದರೆ ಕಾಫಿ ಕುಯ್ಲು. ಕಣ, ಆಳು, ತೂಕ, ಲೆಕ್ಕ ಇವೆಲ್ಲದರ ನಡುವೆ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಹಿಡಿಯಲು ಯಾರಿಗೆ ಪುರುಸೊತ್ತು? ನನಗೆ ಬಿಡುವು ಸಿಗುವುದೇ ಮಳೆಗಾಲದಲ್ಲಿ. ಹಾಗಾಗಿ ಮಳೆಗಾಲದಲ್ಲೇ ಆಗಬೇಕು ಅಂತ ಹಟ ಹಿಡಿದೆ. ಮೂರು ವರ್ಷ ದುಡ್ಡು ಕಳೆದುಕೊಂಡೆ. ಹೋದ ವರ್ಷ ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್ ನಡುವಿನ ಜಡಿಮಳೆ ತಿಂಗಳಲ್ಲಿ, ಆಯಿತು.

ವಿಮಾನ ಮಿಸ್ಟೇರ್ 4ಎ, ಫ್ರಾನ್ಸಿನ ಜೆಟ್ ಯುದ್ಧವಿಮಾನ. ಮಾಡೆಲ್ ನಿಜದ ವಿಮಾನದ 72ರಲ್ಲಿ ಒಂದು ಪಾಲು ಅಳತೆ, ಸುಮಾರು ಏಳು ಇಂಚು ಉದ್ದ. ಯಾಕೆ ಮಿಸ್ಟೇರ್ ಅಂತ ಕೊಡಗಿನವರು ಕೇಳುವುದಿಲ್ಲ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋಗಿದ್ದು ಇದೇ ವಿಮಾನದಲ್ಲಿ. ತಮ್ಮದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನವನ್ನು ಕೆಡವಿದರು, ತಾವು ಮರಳಲಿಲ್ಲ. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತದ ಮೇಲೆ ವಾರಕ್ಕೊಮ್ಮೆ ಹಾದುಹೋಗುವವನು ನಾನು. ನಾನು ಮಾಡಿದ್ದು ಯುದ್ಧದ ದಿನದ ವಿಮಾನವಲ್ಲ. 1957ರಲ್ಲಿ ಇವು ನಮ್ಮ ವಾಯುಪಡೆಗೆ ಬಂದಾಗ ಇದ್ದ ಬರೀ ಲೋಹದ ಮೈ. ನನಗೆ ಬೇಕಿದ್ದೂ ಅದೇ, ನನ್ನ ಕಾಲಿಗೆ ಉರುಳಾಗಿದ್ದೂ ಅದೇ. ಹಸಿರು-ಕಂದು ಬಣ್ಣವಾದರೆ ತಪ್ಪು ಮುಚ್ಚಿಹೋಗುತ್ತದೆ. ಬೆಳ್ಳಿ ಮೈ ಏನನ್ನೂ ಮುಚ್ಚುವುದಿಲ್ಲ.

ಮೊದಲ ಕಿಟ್ ಹಾಳಾಗಿದ್ದು ಜಿಪುಣತನದಿಂದ. ಮೆಟಲ್ ಬಣ್ಣದ 30 ಎಂಎಲ್ ಸೀಸೆಗೆ ಆಗ ನಾನೂರ ಐವತ್ತೋ ಐನೂರೋ. ಕಾರಿಗೆ ಹೊಡೆಯುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬೆಳ್ಳಿ ಕಾಲು ಲೀಟರಿಗೆ ಇನ್ನೂರರ ಆಸುಪಾಸು. ಕುಶಾಲನಗರದಿಂದ ತಂದೆ, ಎನ್‌ಸಿ ಥಿನ್ನರ್ ಬೆರೆಸಿ ಪ್ರೈಮರ್ ಇಲ್ಲದೆ ಹೊಡೆದೆ. ಹತ್ತು ನಿಮಿಷದಲ್ಲಿ ರೆಕ್ಕೆಯ ಪ್ಯಾನೆಲ್ ಗೆರೆಗಳೆಲ್ಲ ಕರಗಿ, ಪ್ಲಾಸ್ಟಿಕ್ ಮೈ ಬರಗಾಲದ ಕೆರೆಯ ಹಾಗೆ ಬಿರುಕು ಬಿಟ್ಟಿತು. ಸಾವಿರದ ಎಂಟುನೂರು ರೂಪಾಯಿಯ ಕಿಟ್. ಈಗ ಅದರ ಮೂತಿಯ ಮೇಲೆ ಬಣ್ಣ ಪರೀಕ್ಷೆ ಮಾಡುತ್ತೇನೆ.

ಎರಡನೇ ವರ್ಷ ಬುದ್ಧಿ ಬಂತು, ಒಳ್ಳೇ ಬಣ್ಣವನ್ನೇ ತಂದೆ. ಕೆಳಗೆ ಹೊಳೆಯುವ ಕಪ್ಪು ಹೊಡೆದೆ, ಕನ್ನಡಿ ಹಾಗೆ ಬಂತು. ಅದರ ಮೇಲೆ ಅಲ್ಯೂಮಿನಿಯಂ. ಎರಡೇ ನಿಮಿಷ. ಬ್ರಹ್ಮಗಿರಿ ಮೇಲೆ ಮಂಜು ಇಳಿದ ಹಾಗೆ ಇಡೀ ಮೈ ಬೂದು ಬಿಳಿಯಾಯಿತು. ಕಾರಣ ಇಷ್ಟೇ: ಥಿನ್ನರ್ ಆರುವಾಗ ಮೈ ತಣ್ಣಗಾಗುತ್ತದೆ, ಗಾಳಿಯ ನೀರು ಅಲ್ಲೇ ಕೂರುತ್ತದೆ. ಕೋಣೆಯ ತೇವಾಂಶ ನೋಡಿದೆ, ಶೇ. 93. ಬಣ್ಣ ನಿಧಾನಕ್ಕೆ ಆರುವಂತೆ ಮಾಡುವ ರಿಟಾರ್ಡರ್ ಹಾಕಿದರೆ ಸರಿಹೋಗುತ್ತೆ ಅಂತ ಗೆಳೆಯರು ಅಂದರು. ಹಾಕಿದೆ. ಬಿಳಿ ಕಡಿಮೆಯಾಯಿತು, ಆದರೆ ಬಣ್ಣ ಎರಡು ದಿನ ಆರದೆ ಅಂಟಂಟಾಗಿ ಕೂತಿತು. ಅಷ್ಟರಲ್ಲಿ ಮಳೆಹುಳ ಬಂದು ಎಡ ರೆಕ್ಕೆಯ ಮೇಲೆ ಖಾಯಂ ಲ್ಯಾಂಡ್ ಆಯಿತು.

ಆಮೇಲೆ ನಾನು ಮಾಡಿದ ಹುಚ್ಚಾಟಗಳಲ್ಲಿ ಒಂದೆರಡು ಹೇಳಬೇಕು. ಕಂಪ್ರೆಸರನ್ನು ಬಚ್ಚಲೊಲೆಯ ಪಕ್ಕದ ಕೋಣೆಯಲ್ಲಿಟ್ಟರೆ ಒಣ ಗಾಳಿ ಸಿಗುತ್ತೆ ಅಂದುಕೊಂಡೆ. ಗಾಳಿಯ ನೀರು ಹಿಡಿಯುವ ಟ್ರ್ಯಾಪ್‌ನಲ್ಲಿ ಮೊದಲಿನಷ್ಟೇ ನೀರು. ಉಪಯೋಗಕ್ಕೆ ಬಂದಿದ್ದು ಉದ್ದ ಪೈಪ್: ಗಾಳಿ ಆರು ಮೀಟರ್ ಸಾಗುವಷ್ಟರಲ್ಲಿ ತಣ್ಣಗಾಗಿ, ಏರ್‌ಬ್ರಷ್ ಹತ್ತಿರ ಹಾಕಿದ ಎರಡನೇ ಟ್ರ್ಯಾಪ್‌ನಲ್ಲಿ ನೀರು ಬಿಡುತ್ತದೆ. ಇನ್ನೊಮ್ಮೆ ಮೂರು ದಿನ ಕರೆಂಟ್ ಇರಲಿಲ್ಲ. ಜೀಪಿನ ಸ್ಟೆಪ್ನಿಗೆ ಗಾಳಿ ತುಂಬಿಸಿ ಅದರಿಂದಲೇ ಪ್ರೈಮರ್ ಹೊಡೆದೆ. ಸುಳ್ಳಲ್ಲ, ಹಳೇ ಕಾಲದವರು ಹೀಗೇ ಹೊಡೆಯುತ್ತಿದ್ದರು. ಇಪ್ಪತ್ತು ನಿಮಿಷ ಚೆನ್ನಾಗಿ ಬಂತು. ಮಾರನೇ ದಿನ ಭಾಗಮಂಡಲ ದಾರಿಯಲ್ಲಿ ಜೀಪು ಪಂಕ್ಚರ್. ಸ್ಟೆಪ್ನಿಯಲ್ಲಿ ಗಾಳಿ ಇಲ್ಲ. ಅಪ್ಪ ಏನಂದರು ಅಂತ ಬರೆಯುವುದಿಲ್ಲ.

ದಾರಿ ತೋರಿಸಿದ್ದು ಅಮ್ಮನ ಬೀರು. ಮಳೆಗಾಲದಲ್ಲಿ ರೇಷ್ಮೆ ಸೀರೆಗೆ ಬೂಸ್ಟು ಹಿಡಿಯಬಾರದು ಅಂತ ನಮ್ಮಲ್ಲಿ ಬೀರುವಿನೊಳಗೆ ಬಲ್ಬ್ ಉರಿಸುತ್ತಾರಲ್ಲ, ಅದೇ. ಇಡೀ ಕೋಣೆ ಒಣಗಿಸಲು ಹೋಗಿ ನಾನು ಸೋತಿದ್ದೆ. ಒಣಗಬೇಕಿದ್ದುದು ಏಳು ಇಂಚು ವಿಮಾನ ಮಾತ್ರ ಅಲ್ವಾ? ಕೆಟ್ಟುಹೋಗಿ ಕೋಳಿ ಮೇವು ತುಂಬಿಡುತ್ತಿದ್ದ ಹಳೇ ಫ್ರಿಜ್ ಹಿತ್ತಲಲ್ಲಿತ್ತು. ತೊಳೆದೆ. ತಳದಲ್ಲಿ ಬಲ್ಬ್ ಹೋಲ್ಡರ್, ಮೇಲೆ ಎರಡು ತೂತು, ಒಳಗೆ ಮುನ್ನೂರೈವತ್ತು ರೂಪಾಯಿಯ ತೇವಾಂಶ ಮೀಟರ್. ಎಲ್‌ಇಡಿ ಹಾಕಬೇಡಿ, ಅದಕ್ಕೆ ಬಿಸಿ ಇಲ್ಲ. ಹಳೇ ಗುಂಡು ಬಲ್ಬೇ ಬೇಕು, ಹುಡುಕಿ ಹುಡುಕಿ ಸಾಕಾಯಿತು. ಒಟ್ಟು ಖರ್ಚು ಆರುನೂರರ ಒಳಗೆ.

ಮೊದಲು ಸಿಕ್ಕಿದ್ದು 100 ವ್ಯಾಟ್. ರಾತ್ರಿ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಮಿಸ್ಟೇರ್‌ನ ಎರಡೂ ರೆಕ್ಕೆ ಮಳೆಯಲ್ಲಿ ನೆನೆದ ಕೋಳಿಯ ರೆಕ್ಕೆ ಹಾಗೆ ಜೋತುಬಿದ್ದಿದ್ದವು. ಅಲ್ಲಿಗೆ ಎರಡನೇ ಕಿಟ್ಟೂ ಹೋಯಿತು. ಈಗ 40 ವ್ಯಾಟ್, ಒಳಗೆ 38ರಿಂದ 40 ಡಿಗ್ರಿ, ಅದಕ್ಕಿಂತ ಮೇಲೆ ಬಿಡುವುದಿಲ್ಲ. ತೇವಾಂಶ ಹೊರಗೆ 93 ಇದ್ದಾಗ ಒಳಗೆ 45-50 ತೋರಿಸುತ್ತದೆ.

ಮೂರನೇ ಕಿಟ್‌ಗೆ ಹೀಗೆ ಮಾಡಿದೆ. ಹೊಳೆಯುವ ಕಪ್ಪು ಹೊಡೆದು, ಅದು ಪೂರ್ತಿ ಗಟ್ಟಿಯಾದ ಮೇಲೆ ಮಾಡೆಲನ್ನು ಎರಡು ಗಂಟೆ ಫ್ರಿಜ್ ಪೆಟ್ಟಿಗೆಯಲ್ಲಿ ಬೆಚ್ಚಗಿಟ್ಟೆ. ಬಣ್ಣದ ಸೀಸೆಯನ್ನು ಬಿಸಿನೀರಿನ ಲೋಟದಲ್ಲಿ ನಿಲ್ಲಿಸಿದೆ. ಬಲ್ಬ್ ಆರಿಸಿ, ಮಾಡೆಲ್ ತೆಗೆದು, 12 ಪಿಎಸ್‌ಐ ಆಸುಪಾಸಿನ ಗಾಳಿ ಒತ್ತಡದಲ್ಲಿ ಒಂದೇ ತೆಳು ಕೋಟ್. ಒಂದೂವರೆ ನಿಮಿಷಕ್ಕಿಂತ ಜಾಸ್ತಿ ಹೊರಗಿಲ್ಲ. ತಕ್ಷಣ ವಾಪಸ್, ಬಾಗಿಲು ಅರ್ಧ ತೆರೆದು, ಬಲ್ಬ್ ಆಫ್. ಗೋಡೆಗಳಲ್ಲಿ ಉಳಿದ ಬಿಸಿಯೇ ಸಾಕು. ಹಸಿ ಬಣ್ಣ ಒಳಗಿದ್ದಾಗ ಸ್ವಿಚ್ ಮುಟ್ಟಲೇಬೇಡಿ. ಥಿನ್ನರ್ ಆವಿಗೆ ಒಂದು ಕಿಡಿ ಸಾಕು, ಫ್ರಿಜ್ ಮಾತ್ರ ಅಲ್ಲ, ಹಂಚೂ ಹಾರುತ್ತದೆ. ವಾಸನೆ ಪೂರ್ತಿ ಹೋದ ಮೇಲೆ ಮತ್ತೆ ಬಲ್ಬ್, ಮತ್ತೆ ಕೋಟ್. ಹೀಗೆ ನಾಲ್ಕೋ ಐದೋ ಸಲ. ಥಿನ್ನರಿಗೆ ರಿಟಾರ್ಡರ್ ಜೊತೆ ಇನ್ನೊಂದು ಸೀಸೆಯಿಂದ ಒಂದೆರಡು ಹನಿ ಬೀಳುತ್ತದೆ. ಅದೇನು ಅಂತ ಕೇಳಬೇಡಿ, ಮೂರು ವರ್ಷದ ದುಡ್ಡು ಅದರಲ್ಲಿದೆ.

ಮುಗಿದಾಗ ಟ್ಯೂಬ್‌ಲೈಟ್ ಅದರ ಬೆನ್ನಿನ ಮೇಲೆ ಉದ್ದಕ್ಕೆ ಹರಿಯಿತು. ಹೊರಗೆ ಧೋ ಅಂತ ಮಳೆ. ವಿಡಿಯೋ ಮಾಡಿ, ಮಳೆಯ ಸದ್ದು ಕೇಳಿಸುವ ಹಾಗೆ ಬೆಂಗಳೂರಿಗೆ ಕಳಿಸಿದೆ. "ಕುಶಾಲನಗರಕ್ಕೆ ಹೋಗಿ ಹೊಡ್ಕೊಂಡು ಬಂದಿದ್ದೀಯ" ಅಂತ ಉತ್ತರ ಬಂತು. ಅಲ್ಲಿ ಮಳೆ ಕಡಿಮೆ ಅಂತ ಅವರಿಗೂ ಗೊತ್ತು. ಹೊಟ್ಟೆಕಿಚ್ಚು, ಬಿಡಿ.

ಪ್ಯಾನೆಲ್‌ಗಳಿಗೆ ಬೇರೆ ಬೇರೆ ಛಾಯೆ ಬೇಕಿತ್ತು. ಅದೇ ಬೆಳ್ಳಿಗೆ ಹನಿ ಕಪ್ಪು, ಹನಿ ಕಂದು ಸೇರಿಸಿ ಅಂಟು ಚೀಟಿ ಮಾಸ್ಕ್ ಇಟ್ಟು ಹೊಡೆದೆ. ಬಾಲದ ಕೊಳವೆಯ ಸುತ್ತ ಮಾತ್ರ ಮಡಿಕೇರಿ ಚಾಕೊಲೇಟಿನ ಬೆಳ್ಳಿ ಹಾಳೆ. ಮೊಟ್ಟೆ ಬೇಯಿಸಿದ ನೀರಿನಲ್ಲಿ ಹಾಳೆಯನ್ನು ಕುದಿಸಿದರೆ ಮಂಕಾಗುತ್ತದೆ, ಸುಟ್ಟ ಲೋಹಕ್ಕೆ ಹತ್ತಿರ ಬರುತ್ತದೆ. ರೆಕ್ಕೆ ಬುಡದಲ್ಲಿ ಪ್ರಯತ್ನಿಸಿದೆ, ಸುಕ್ಕು ಬಂತು, ಕಿತ್ತು ಹಾಕಿದೆ.

ಇನ್ನು ಹಳೇದು ಮಾಡುವ ಕೆಲಸ. ಇಲ್ಲಿ ನನ್ನ ಅಹಂಕಾರ ಇಳಿಸಿದವರು ಚಿಕ್ಕಪ್ಪ. ಅವರು ವಾಯುಪಡೆಯಲ್ಲಿ ಏರ್‌ಫ್ರೇಮ್ (ವಿಮಾನದ ಮೈಕಟ್ಟಿನ) ಕೆಲಸ ಮಾಡಿ ನಿವೃತ್ತರಾದವರು. ನಾನು ಮೈಯೆಲ್ಲ ಕಪ್ಪು ವಾಶ್ (ನೀರಾದ ತೆಳು ಬಣ್ಣ), ಗೀರು, ಕೊಳೆ ಬಳಿದು ಹೆಮ್ಮೆಯಿಂದ ತೋರಿಸಿದೆ.

"ಇದೇನೋ, ಗುಜರಿಯಿಂದ ತಂದ್ಯಾ?" ಅಂದರು.

"ವೆದರಿಂಗ್ ಚಿಕ್ಕಪ್ಪ."

"ದಿನಾ ಒರೆಸ್ತಿದ್ವಿ ಕಣೋ ನಾವು. ಕೊಳೆ ಇರೋದು ಹೊಟ್ಟೆ ಕೆಳಗೆ. ಬೆನ್ನು ಯಾಕೆ ಹೊಲಸು ಮಾಡಿದ್ದೀಯ?"

ಎರಡು ದಿನ ಟರ್ಪೆಂಟೈನ್ ಹಾಕಿ ಒರೆಸಿದೆ. ಪುಣ್ಯಕ್ಕೆ ಕೆಳಗೆ ಹೊಳಪಿನ (ಗ್ಲಾಸ್) ಕೋಟ್ ಇತ್ತು. ಆಮೇಲೆ ಅವರ ಮಾತಿನಂತೆ ಮಾಡಿದೆ. ಬೆನ್ನಿಗೆ ಕ್ಯಾಮೆಲ್ ಆಯಿಲ್ ಕಲರಿನ ಬರ್ಂಟ್ ಅಂಬರ್ (ಕಡು ಕಂದು), ಗೆರೆಗಳಲ್ಲಿ ಮಾತ್ರ, ಇದೆಯೋ ಇಲ್ಲವೋ ಅನ್ನುವಷ್ಟು. ಚಕ್ರದ ಗೂಡಿನಿಂದ ಹಿಂದಕ್ಕೆ ಹರಿದ ಎಣ್ಣೆ, ಇಂಧನ ತುಂಬುವ ಮುಚ್ಚಳದ ಸುತ್ತ ಕಲೆ, ಪೈಲಟ್ ಹತ್ತುವ ಕಡೆ ಬೂಟಿನ ಸವೆತ. ಮೂತಿಯ ಕೆಳಗೆ ಎರಡು 30 ಎಂಎಂ ಫಿರಂಗಿಗಳ ಬಾಯಿಗೆ ಮಸಿ. ಆ ಮಸಿ ಅಂಗಡಿಯದ್ದಲ್ಲ, ಅಡುಗೆಮನೆಯದ್ದು. ಅಷ್ಟೇ ಹೇಳುತ್ತೇನೆ.

ಉಪ್ಪು ಉದುರಿಸಿ ಬಣ್ಣ ಎದ್ದಂತೆ ಮಾಡುತ್ತಾರಲ್ಲ, ಅದನ್ನು ಹಾಳಾದ ಕಿಟ್ ಮೇಲೆ ನೋಡಿದೆ. ಜುಲೈನಲ್ಲಿ ನಮ್ಮ ಉಪ್ಪಿನ ಡಬ್ಬಿಯೇ ನೀರಾಗಿರುತ್ತದೆ, ಇನ್ನು ರೆಕ್ಕೆ ಮೇಲೆ ಹರಳು ನಿಲ್ಲುತ್ತಾ? ವಿಮಾನ ನಿಲ್ಲಿಸುವ ಹಲಗೆಗೆ ಮಣ್ಣಿನ ಬದಲು ಕಾಫಿ ಪುಡಿ ಅಂಟಿಸಿದ್ದೆ, ಬಣ್ಣ ಬಹಳ ಚೆನ್ನಾಗಿತ್ತು. ಹದಿನೈದು ದಿನಕ್ಕೆ ಅದರ ಮೇಲೆ ಬಿಳಿ ಬೂಸ್ಟು ಬೆಳೆಯಿತು.

ಮೂರು ವರ್ಷಕ್ಕೆ ಒಟ್ಟು ಹದಿನೆಂಟು ಸಾವಿರ ಹೋಗಿರಬಹುದು, ಅದರಲ್ಲಿ ಕಂಪ್ರೆಸರ್ ಒಂದಕ್ಕೇ ಆರು. ಮನೆಯಲ್ಲಿ ಹೇಳಿರುವುದು ಒಂಬತ್ತು. ಈ ವರ್ಷ ಹಂಟರ್ ಯುದ್ಧವಿಮಾನದ ಮಾಡೆಲ್ ಶುರು ಮಾಡಬೇಕು ಅಂತ ಫ್ರಿಜ್ ಪೆಟ್ಟಿಗೆ ತೆಗೆದರೆ ಮೇಲಿನ ತಟ್ಟೆಯಲ್ಲಿ ಅಮ್ಮ ಹಪ್ಪಳ ಜೋಡಿಸಿದ್ದಾರೆ. ಥಿನ್ನರ್ ವಾಸನೆ ಹತ್ತುತ್ತದೆ ಅಂದೆ. "ಹಾಗಾದ್ರೆ ನಿನ್ನ ವಿಮಾನ ತೆಗಿ" ಅಂದರು. ಇನ್ನೊಂದು ಕೆಟ್ಟ ಫ್ರಿಜ್ ಎಲ್ಲಿ ಸಿಗುತ್ತೆ ಅಂತ ಈಗ ವಿಚಾರಿಸುತ್ತಿದ್ದೇನೆ.