ಮರುದಿನ ಬೆಳಿಗ್ಗೆ ಅವಳೇನು ಮಾಡಿದಳು?

ಆ ಹುಡುಗಿಗೆ ಕೊಟ್ಟ ಪುಸ್ತಕ ಮೂರೇ ದಿನಕ್ಕೆ ವಾಪಸು ಬಂತು. ಕೌಂಟರಿನ ಮೇಲಿಟ್ಟಳು, ನನ್ನ ಮುಖ ನೋಡಲಿಲ್ಲ, ಹೊರಟುಹೋದಳು. ಜೊತೆಗಿದ್ದ ಗೆಳತಿ ಒಂದು ಹೆಜ್ಜೆ ಹಿಂದುಳಿದು, ದನಿ ತಗ್ಗಿಸಿ ಹೇಳಿದಳು: "ಅವಳ ತಮ್ಮ ತೀರಿಹೋಗಿ ಇನ್ನೂ ಎರಡು ತಿಂಗಳಾಗಿಲ್ಲ ಮೇಡಂ."

ನಾನು ಕೊಟ್ಟಿದ್ದು ಮಾರ್ಕಸ್ ಝೂಸಾಕ್ ಬರೆದ 'ದ ಬುಕ್ ಥೀಫ್'. 2005ರಲ್ಲಿ ಬಂದ ಕಾದಂಬರಿ. ನಾಜಿ ಜರ್ಮನಿಯ ಕಥೆ, ಹೇಳುವುದು ಸಾಕ್ಷಾತ್ ಸಾವು. ಶುರುವಿನಲ್ಲೇ ಒಂದು ರೈಲು ಪ್ರಯಾಣ. ಲೀಸಲ್ ಎಂಬ ಹುಡುಗಿಯ ಕಣ್ಣೆದುರೇ ಅವಳ ಪುಟ್ಟ ತಮ್ಮನ ಪ್ರಾಣ ಹೋಗುತ್ತದೆ. ನಾಲ್ಕೈದು ಸಲ ಓದಿದ ಪುಸ್ತಕ ಅದು, ಆ ಪುಟಗಳು ನನಗೆ ಹೆಚ್ಚುಕಮ್ಮಿ ಬಾಯಿಪಾಠ. ಆದರೂ ಆ ಹುಡುಗಿ ಬಂದು "ಎಷ್ಟು ಕಷ್ಟ ಬಂದ್ರೂ ಎದ್ದು ನಿಲ್ಲೋ ಹುಡುಗಿ ಕಥೆ ಇದ್ರೆ ಕೊಡಿ" ಎಂದಾಗ, ಒಂದು ಮಾತೂ ಕೇಳದೆ, ನನಗೆ ಇಷ್ಟವಾದದ್ದನ್ನು ಅವಳ ಕೈಗಿಟ್ಟುಬಿಟ್ಟಿದ್ದೆ.

ಗ್ರಂಥಾಲಯದ ಕೆಲಸಕ್ಕೆ ಸೇರಿ ಅಷ್ಟು ಹೊತ್ತಿಗೆ ಹನ್ನೆರಡು ವರ್ಷವಾಗಿತ್ತು. ಕಪಾಟಿನಲ್ಲಿ ಯಾವ ಪುಸ್ತಕ ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವಳಾಗಿದ್ದೆ. ಯಾವ ಪುಸ್ತಕ ಯಾರಿಗೆ, ಯಾವಾಗ ಎನ್ನುವುದನ್ನು ಮಾತ್ರ ಅವತ್ತಿನಿಂದ ಮತ್ತೆ ಮೊದಲಿಂದ ಕಲಿಯಬೇಕಾಯಿತು. ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಪಾಠ ಹೇಳುವವರಿಗೆ, ಬೆಳೆದ ಮಕ್ಕಳಿರುವವರಿಗೆ, ಗೆಳೆಯರಿಗೆ "ಇದನ್ನೋದು" ಎಂದು ಪುಸ್ತಕ ಕೊಡುವ ಚಟ ಇರುವವರಿಗೆ ಪ್ರಯೋಜನವಾದೀತು.

ಮೊದಲು ಮಾಡಿದ ಕೆಲಸ ಅಂದರೆ ಜನ ಬಳಸುವ ಮಾತನ್ನು ನೆಟ್ಟಗೆ ಕೇಳಿಸಿಕೊಂಡದ್ದು. "ಛಲ ಇರೋ ನಾಯಕಿ ಬೇಕು" ಎನ್ನುತ್ತಾರೆ ಒಬ್ಬರು. "ಗಟ್ಟಿಗಿತ್ತಿ ಕಥೆ ಕೊಡಿ" ಎನ್ನುತ್ತಾರೆ ಇನ್ನೊಬ್ಬರು. "ತಾಳ್ಮೆ ಕಲಿಸೋ ಪುಸ್ತಕ" ಎಂದು ಮಗನಿಗಾಗಿ ಕೇಳುವ ಅಪ್ಪಂದಿರೂ ಇದ್ದಾರೆ. ಈ ಮೂರೂ ಒಂದೇ ಎಂದುಕೊಂಡಿದ್ದೆ, ಒಂದೇ ಅಲ್ಲ. ಪಂಪ ಛಲಕ್ಕೆ ಎತ್ತಿ ಹೇಳಿದ್ದು ದುರ್ಯೋಧನನ ಹೆಸರನ್ನು. ಛಲಕ್ಕೆ ಬಾಗಲು ಬರುವುದಿಲ್ಲ, ಕೊನೆಗೆ ತೊಡೆ ಮುರಿದೇ ಬೀಳಬೇಕು. ತಾಳ್ಮೆಯಾದರೋ ಎಷ್ಟೋ ಸಲ ಬಾಯಿ ಮುಚ್ಚಿಕೊಂಡಿರುವುದಕ್ಕೆ ಇಟ್ಟ ಒಳ್ಳೆಯ ಹೆಸರು. ಓದುಗರು ನಿಜವಾಗಿ ಹುಡುಕುತ್ತಿರುವುದು ನಾವು 'ಗಟ್ಟಿ ಜೀವ' ಎನ್ನುತ್ತೇವಲ್ಲ, ಅದನ್ನು. ಆ ಜೀವ ಬಾಗುತ್ತದೆ, ಕುಸಿದು ಕೂರುತ್ತದೆ, ಅಳುತ್ತದೆ, ಕೆಲವೊಮ್ಮೆ ತಪ್ಪೂ ಮಾಡುತ್ತದೆ. ಮಾರನೆಯ ದಿನ ಏನೋ ಒಂದು ಕೆಲಸಕ್ಕೆ ಕೈ ಹಾಕುತ್ತದೆ.

ಹಾಗಾಗಿ ಈಗ ಹೊಸ ಕಾದಂಬರಿ ಕೈಗೆ ಬಂದರೆ ನಾನು ಒಂದು ಜಾಗವನ್ನು ಹುಡುಕಿ ಓದುತ್ತೇನೆ. ಕಥೆಯಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಆಗಿಹೋದ ಮೇಲೆ ಬರುವ ಪುಟ. ಅಲ್ಲಿ ಆ ವ್ಯಕ್ತಿಯ ಕೈಗಳು ಏನು ಮಾಡುತ್ತಿವೆ? ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಕಾದಂಬರಿಗೂ ಮೂರು ಸಾಲು: ಏನು ಕಳಕೊಂಡರು, ಮರುದಿನ ಏನು ಮಾಡಿದರು, ಓದುಗರಿಗೆ ಮೊದಲೇ ಹೇಳಬೇಕಾದ್ದು ಏನಿದೆ. ಎರಡನೆಯ ಸಾಲಿಗೆ ಬರೆಯಲು ಏನೂ ಸಿಗದಿದ್ದರೆ, ನಾಯಕಿ ಎಷ್ಟೇ ಚೆನ್ನಾಗಿ ಕತ್ತಿ ಬೀಸಲಿ, ಆ ಪುಸ್ತಕ ನನ್ನ 'ಗಟ್ಟಿ ಜೀವ'ಗಳ ಪಟ್ಟಿಗೆ ಬರುವುದಿಲ್ಲ.

'ಐಲ್ಯಾಂಡ್ ಆಫ್ ದ ಬ್ಲೂ ಡಾಲ್ಫಿನ್ಸ್' ಬಗ್ಗೆ ಬರೆದುಕೊಂಡ ಮೂರು ಸಾಲು ಅರ್ಧ ಪುಟಕ್ಕೆ ಬೆಳೆಯಿತು. ಸ್ಕಾಟ್ ಓಡೆಲ್ ಬರೆದದ್ದು, 1960ರಲ್ಲಿ. ಕ್ಯಾಲಿಫೋರ್ನಿಯಾದ ಸ್ಯಾನ್ ನಿಕೋಲಸ್ ದ್ವೀಪದಲ್ಲಿ 1835ರಿಂದ 1853ರವರೆಗೆ 18 ವರ್ಷ ಒಂಟಿಯಾಗಿ ಬದುಕಿದ ಒಬ್ಬ ಮೂಲನಿವಾಸಿ ಹೆಂಗಸಿನ ನಿಜಕಥೆ ಅದಕ್ಕೆ ಆಧಾರ. ಕಾದಂಬರಿಯಲ್ಲಿ ಅವಳ ಹೆಸರು ಕರಾನಾ. ಊರವರನ್ನೆಲ್ಲ ಹತ್ತಿಸಿಕೊಂಡ ಹಡಗು ಹೊರಟಾಗ ತಮ್ಮ ದಡದಲ್ಲೇ ಉಳಿದಿದ್ದಾನೆ ಎಂದು ಗೊತ್ತಾಗಿ ಕಡಲಿಗೆ ಹಾರುತ್ತಾಳೆ. ಆ ತಮ್ಮನನ್ನು ಸ್ವಲ್ಪ ದಿನದಲ್ಲೇ ಕಾಡುನಾಯಿಗಳು ಕೊಲ್ಲುತ್ತವೆ. ಅಷ್ಟೂ ನಾಯಿಗಳನ್ನು ಕೊಲ್ಲುತ್ತೇನೆ ಎಂದು ಪಣ ತೊಡುತ್ತಾಳೆ. ಹೆಂಗಸರು ಆಯುಧ ಮಾಡಬಾರದೆಂದು ಅವಳ ಕುಲದಲ್ಲಿ ಕಟ್ಟಳೆ. ಮಾಡಿದರೆ ಆಪತ್ತಿನ ಹೊತ್ತಿಗೆ ಆ ಆಯುಧ ಮುರಿದುಹೋದೀತೆಂಬ ಭಯ ಬೇರೆ. ಭಯಪಡುತ್ತಲೇ ಬಿಲ್ಲು, ಈಟಿ ಮಾಡಿಕೊಳ್ಳುತ್ತಾಳೆ. ಗುಂಪಿನ ಮುಂದಾಳು ನಾಯಿಯ ಎದೆಗೆ ಬಾಣ ಬಿಡುತ್ತಾಳೆ. ದಿನಗಳಾದ ಮೇಲೆ ಅದು ಗಾಯಗೊಂಡು ಬಿದ್ದಿರುವುದು ಕಾಣುತ್ತದೆ. ಇನ್ನೊಂದು ಬಾಣಕ್ಕೆ ಗುರಿ ಹಿಡಿಯುತ್ತಾಳೆ. ಬಿಡುವುದಿಲ್ಲ. ಎತ್ತಿಕೊಂಡು ಹೋಗಿ, ಮುರಿದ ಬಾಣ ಕಿತ್ತು, ಆರೈಕೆ ಮಾಡುತ್ತಾಳೆ. ಅದಕ್ಕೆ ರೊಂಟು ಎಂದು ಹೆಸರಿಡುತ್ತಾಳೆ. ಮುಂದೆ ವರ್ಷಗಟ್ಟಲೆ ಅವಳ ಸಂಗಾತಿ ಅದು.

ಯಾಕೆ ಬಾಣ ಬಿಡಲಿಲ್ಲ ಎಂದು ಕೇಳಿದರೆ ಕರಾನಾಳ ಹತ್ತಿರವೂ ಉತ್ತರವಿಲ್ಲ. ಲೇಖಕರೂ ಕಾರಣ ಕೊಡುವುದಿಲ್ಲ, ಅದಕ್ಕೇ ಆ ಪುಟ ನಂಬುವಂತಿದೆ. ಹತ್ತು ಹನ್ನೊಂದು ವರ್ಷದವರಿಂದ ಎಪ್ಪತ್ತರವರೆಗೆ ಎಲ್ಲರಿಗೂ ಕೊಟ್ಟಿದ್ದೇನೆ. ಕೊಡುವಾಗ "ಇದರಲ್ಲಿ ತಮ್ಮ ಸಾಯ್ತಾನೆ" ಎಂದು ಮೊದಲೇ ಹೇಳುತ್ತೇನೆ. ಕಥೆಯ ಗುಟ್ಟು ಬಿಟ್ಟುಕೊಟ್ಟಂತಾಯಿತು ಎಂದು ಕೆಲವರಿಗೆ ಬೇಸರವಾದೀತು. ಆಗಲಿ. ಗೊತ್ತಿಲ್ಲದೆ ಎಡವಿ ಬಿದ್ದವಳ ಮುಖ ನಾನು ನೋಡಿದ್ದೇನೆ.

ಕನ್ನಡದಲ್ಲಿ ನನ್ನ ಮೊದಲ ಆಯ್ಕೆ ಎಸ್.ಎಲ್. ಭೈರಪ್ಪನವರ 'ಗೃಹಭಂಗ', 1970ರದ್ದು. ಶಾನುಭೋಗಿಕೆ ಗಂಡನ ಹೆಸರಿನಲ್ಲಿ, ಲೆಕ್ಕ ಬರೆಯುವ ಕೈ ನಂಜಮ್ಮನದು. ಮುತ್ತುಗದ ಎಲೆ ಹಚ್ಚಿ ಮಾರಿ ಮನೆ ನಡೆಸುತ್ತಾಳೆ. ಪ್ಲೇಗು ಮಕ್ಕಳನ್ನು ಕಿತ್ತುಕೊಂಡ ಮೇಲೂ ಅವಳು ಕೊರಗುತ್ತಲೇ ಕೂತು ಕಾಲ ಕಳೆಯುವುದಿಲ್ಲ. ಆದರೆ ಈ ಪುಸ್ತಕ ಯಾವ ಸಮಾಧಾನವನ್ನೂ ಹೇಳುವುದಿಲ್ಲ. ಗಟ್ಟಿಯಾಗಿ ಬದುಕಿದರೆ ಕೊನೆಗೆ ಒಳ್ಳೆಯದಾಗುತ್ತದೆ ಎಂಬ ಭರವಸೆ ಬೇಕಾಗಿರುವವರಿಗೆ ಇದನ್ನು ಕೊಡಬೇಡಿ. ಎಲ್ಲ ಮುಗಿದ ಮೇಲೆ, ತಮ್ಮ ತಾಯಿ ಅಜ್ಜಿಯರ ಬದುಕು ಎಂಥದ್ದಿತ್ತು ಎಂದು ಕಣ್ಣಿಟ್ಟು ನೋಡಲು ಸಿದ್ಧರಾದವರಿಗೆ ಕೊಡಿ. ಅಷ್ಟು ಭಾರ ಬೇಡ ಎನ್ನುವವರಿಗೆ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಇದೆ. ಬಾಲವಿಧವೆಯಾಗಿ ಬದುಕೆಲ್ಲ ತನಗಾಗಿ ಏನೂ ಕೇಳದವಳು, ಇನ್ನೊಬ್ಬ ಎಳೆಯ ವಿಧವೆಯ ತಲೆ ಬೋಳಿಸಬೇಕೆಂದಾಗ ಅವಳ ಪರ ನಿಲ್ಲುತ್ತಾಳೆ. ದನಿ ಏರಿಸದ ಗಟ್ಟಿತನವೂ ಉಂಟೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಪುಸ್ತಕ ನನ್ನ ಕಪಾಟಿನಲ್ಲಿಲ್ಲ.

ವ್ಯಾಪಾರ ಮುಳುಗಿ ಸಾಲದಲ್ಲಿದ್ದ ಒಬ್ಬರು, ಐವತ್ತರ ಆಸುಪಾಸಿನವರು, "ದುಡ್ಡಿನ ಕಷ್ಟ ಗೊತ್ತಿರೋರು ಬರೆದ ಕಥೆ ಕೊಡಮ್ಮ" ಎಂದಿದ್ದರು. ಅವರಿಗೆ ಮಿನ್ ಜಿನ್ ಲೀ ಅವರ 'ಪಚಿಂಕೊ' ಕೊಟ್ಟೆ. ಜಪಾನಿನಲ್ಲಿ ಪರದೇಶಿಗಳಾಗಿ ನಾಲ್ಕು ತಲೆಮಾರು ಬಾಳಿದ ಕೊರಿಯನ್ ಕುಟುಂಬದ ಕಥೆ, 2017ರಲ್ಲಿ ಬಂದದ್ದು. ಅದರಲ್ಲಿ ಸುಂಜಾ ಸಾಲ ತೀರಿಸಲು ತನ್ನ ಹತ್ತಿರವಿದ್ದ ಗಡಿಯಾರ ಮಾರುವ ದೃಶ್ಯವಿದೆ. ಎದುರಿಗಿದ್ದವನು ಬೆಲೆ ಇಳಿಸಿದರೂ ಅವಳು ಜಗ್ಗುವುದಿಲ್ಲ. ಮುಂದೆ ಒಸಾಕಾದ ಬೀದಿಯಲ್ಲಿ ಗಾಡಿ ತಳ್ಳಿಕೊಂಡು ಹೋಗಿ, ನಾಚಿಕೆ ನುಂಗಿ, ಕಿಮ್ಚಿ (ಕೊರಿಯನ್ನರ ಉಪ್ಪಿನಕಾಯಿ) ಎಂದು ಕೂಗಿ ಮಾರುತ್ತಾಳೆ. ಪುಸ್ತಕ ಹಿಂದಿರುಗಿಸುವಾಗ ಅವರು ಯುದ್ಧದ ಬಗ್ಗೆಯಾಗಲಿ ಆ ದೇಶದ ಬಗ್ಗೆಯಾಗಲಿ ಮಾತಾಡಲಿಲ್ಲ. "ಮೊದಲನೇ ಸಲ ಕೂಗೋದೇ ಕಷ್ಟ ಕಣಮ್ಮ" ಎಂದರು.

ಇನ್ನು ಫ್ಯಾಂಟಸಿ. ಹರೆಯದವರು ಓದುವ ಕಾಲ್ಪನಿಕ ಲೋಕದ ಕಥೆಗಳೆಂದರೆ ನನಗೆ ಮೊದಲು ಅಷ್ಟಕ್ಕಷ್ಟೇ. ಡ್ರ್ಯಾಗನ್ನು, ಮಂತ್ರದಂಡ ಎಂದು ಬದಿಗಿಟ್ಟಿದ್ದೆ. ಆ ಅಭಿಪ್ರಾಯ ಬಿಡಿಸಿದ್ದೂ ಆ ಹುಡುಗಿಯೇ.

ಮೂರು ವಾರದ ನಂತರ ಅವಳು ಮತ್ತೆ ಬಂದಳು. ನಾನು ಎದ್ದು ಹೊರಗೆ ಬಂದು, "ಅವತ್ತು ಕೇಳದೆ ಕೊಟ್ಟೆ, ತಪ್ಪಾಯ್ತು ಪುಟ್ಟಾ" ಎಂದೆ. ತಲೆ ಆಡಿಸಿದಳು. ಏನು ಓದಬೇಕನ್ನಿಸುತ್ತಿದೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು: "ಅದೇ ಥರದ್ದು. ಆದ್ರೆ ನಿಜವಾಗಿ ಎಲ್ಲೂ ಆಗಿರಬಾರದು."

ಚಾರಿತ್ರಿಕ ಕಾದಂಬರಿ ಓದುವಾಗ ಇದು ನಡೆದದ್ದು ಎಂಬ ಅರಿವು ಬೆನ್ನಿಗಿರುತ್ತದೆ. ಎಷ್ಟೋ ಜನಕ್ಕೆ ಅದೇ ಬಲ. ಹಾಗೆ ಬದುಕಿದವರು ಇದ್ದರು ಎಂಬುದೇ ಧೈರ್ಯ. ಗಾಯ ಹಸಿಯಾಗಿರುವವರಿಗೆ ಅದೇ ಅರಿವು ಚುಚ್ಚುತ್ತದೆ. ಫ್ಯಾಂಟಸಿ ಅದೇ ನೋವನ್ನು ಸ್ವಲ್ಪ ದೂರದಲ್ಲಿಟ್ಟು ತೋರಿಸುತ್ತದೆ. ಅಲ್ಲಿ ನೆರಳಿಗೆ ಜೀವ ಬರುತ್ತದೆ, ಹೆಸರು ಕಳೆದುಹೋಗುತ್ತದೆ, ಕತ್ತಲೆಗೆ ದೇವರ ಪಟ್ಟ ಸಿಗುತ್ತದೆ. ಇದನ್ನು ಅರ್ಥ ಮಾಡಿಕೊಂಡ ಮೇಲೆ ನನ್ನ ಪಟ್ಟಿಯ ಕ್ರಮ ಬದಲಾಯಿತು. ಮೊದಲು ಕಾಲಾನುಕ್ರಮದಲ್ಲಿ ಬರೆಯುತ್ತಿದ್ದೆ. ಈಗ ಗಾಯದಿಂದ ಎಷ್ಟು ದೂರ ಎಂಬ ಲೆಕ್ಕದಲ್ಲಿ ಬರೆಯುತ್ತೇನೆ. ಒಂದು ತುದಿಯಲ್ಲಿ ರೂಟಾ ಸೆಪೆಟಿಸ್ ಅವರ 'ಬಿಟ್ವೀನ್ ಶೇಡ್ಸ್ ಆಫ್ ಗ್ರೇ': 1941ರಲ್ಲಿ ಲಿಥುವೇನಿಯಾದಿಂದ ಸೈಬೀರಿಯಾಕ್ಕೆ ಗಡೀಪಾರಾದ ಹದಿನೈದರ ಹುಡುಗಿ, ಸಿಕ್ಕ ಚೂರುಪಾರುಗಳ ಮೇಲೆ ಚಿತ್ರ ಬರೆಯುತ್ತಲೇ ಬದುಕುಳಿಯುತ್ತಾಳೆ. ನಡುವೆ ಆಕ್ಟೇವಿಯಾ ಬಟ್ಲರ್ ಅವರ 'ಕಿಂಡ್ರೆಡ್', 1979ರದ್ದು. 1976ರ ಕ್ಯಾಲಿಫೋರ್ನಿಯಾದಲ್ಲಿರುವ ಕಪ್ಪು ಹೆಂಗಸೊಬ್ಬಳನ್ನು ಯಾವುದೋ ಶಕ್ತಿ ಗುಲಾಮಗಿರಿಯ ಕಾಲದ ಮೇರಿಲ್ಯಾಂಡಿಗೆ ಎಳೆದೊಯ್ಯುತ್ತದೆ. ಅರ್ಧ ಚರಿತ್ರೆ, ಅರ್ಧ ಕಲ್ಪನೆ. ಕೊನೆಗೆ ಅವಳು ಒಂದು ತೋಳು ಕಳಕೊಂಡೇ ಮರಳುತ್ತಾಳೆ. ಇದು ದೊಡ್ಡವರಿಗೆ ಮಾತ್ರ. ಇನ್ನೊಂದು ತುದಿಯಲ್ಲಿ ಅರ್ಸುಲಾ ಲೆ ಗ್ವಿನ್ ಕಟ್ಟಿದ ಅರ್ಥ್‌ಸೀ ದ್ವೀಪಗಳ ಕಾದಂಬರಿ ಸರಣಿ.

ಆ ಹುಡುಗಿಗೆ ಕೊಟ್ಟದ್ದು ಆ ಸರಣಿಯ ಎರಡನೆಯದು, 'ದ ಟೂಂಬ್ಸ್ ಆಫ್ ಅಟುವಾನ್'. 1971ರದ್ದು. ಮೊದಲನೆಯದನ್ನು ಓದದೆಯೂ ಓದಬಹುದು. ಟೆನಾರ್ ಎಂಬ ಮಗುವನ್ನು ಐದನೇ ವಯಸ್ಸಿಗೆ ಮನೆಯಿಂದ ಒಯ್ದು, ಕತ್ತಲೆಯ ದೇವತೆಗಳ ಪೂಜಾರಿಣಿಯಾಗಿ ಮಾಡಿ, ಅವಳ ಹೆಸರನ್ನೂ ಕಿತ್ತುಕೊಳ್ಳುತ್ತಾರೆ. ನೆಲದಡಿಯ ಚಕ್ರವ್ಯೂಹದಂಥ ಸುರಂಗಗಳಲ್ಲಿ ದೀಪ ಹಚ್ಚಬಾರದ ಜಾಗಗಳಿವೆ. ಗೋಡೆ ಸವರಿಕೊಂಡು, ತಿರುವು ಎಣಿಸಿಕೊಂಡು ಅವಳು ದಾರಿ ಕಲಿಯುತ್ತಾಳೆ. ನನ್ನ ನೋಟ್‌ಬುಕ್ಕಿನ ಎರಡನೇ ಸಾಲು ಬರುವುದು ಅವಳು ಹೊರಗೆ ಬಂದ ಮೇಲೆ. ಬಿಡುಗಡೆಯಾದ ಹುಡುಗಿ ಕುಣಿಯುವುದಿಲ್ಲ. ವ್ಯರ್ಥವಾಗಿ ಹೋದ ವರ್ಷಗಳನ್ನು ನೆನೆದು ಅಳುತ್ತಾಳೆ, ಸ್ವಾತಂತ್ರ್ಯ ಹೊರಲಾರದ ಹೊರೆ ಎನಿಸುತ್ತದೆ, ತನ್ನನ್ನು ಬಿಡಿಸಿದ ಮಾಂತ್ರಿಕ ಗೆಡ್‌ನ ಮೇಲೇ ಒಂದು ಗಳಿಗೆ ಚೂರಿ ಎತ್ತುವಷ್ಟು ಸಿಟ್ಟು ಬರುತ್ತದೆ. ಹದಿಹರೆಯದವರ ಕಥೆಯಲ್ಲಿ ಇಷ್ಟು ಪ್ರಾಮಾಣಿಕವಾದ ಮರುದಿನವನ್ನು ನಾನು ಬೇರೆಲ್ಲೂ ಓದಿಲ್ಲ.

ಅದೇ ಸರಣಿಯ ಮೊದಲನೆಯದು, 1968ರ 'ಎ ವಿಝರ್ಡ್ ಆಫ್ ಅರ್ಥ್‌ಸೀ', ಪರೀಕ್ಷೆಯಲ್ಲಿ ಫೇಲಾಗಿ ಒಂದು ವರ್ಷ ಹಿಂದೆ ಬಿದ್ದ ಹುಡುಗನೊಬ್ಬನ ಕೈಗೆ ಹೋಯಿತು. ಗೆಡ್ ತನ್ನ ಹೆಚ್ಚುಗಾರಿಕೆ ತೋರಿಸಲು ಹೋಗಿ ಅನಾಹುತ ಮಾಡಿ, ಮುಖಕ್ಕೆ ಗಾಯವಾಗಿ ತಿಂಗಳುಗಟ್ಟಲೆ ಮಲಗುತ್ತಾನೆ. ಎದ್ದು ಪಾಠಕ್ಕೆ ಬಂದರೆ ಹಿಂದೆ ತಾನು ಆಳುತ್ತಿದ್ದ ಹುಡುಗರೆಲ್ಲ ಮುಂದೆ ಹೋಗಿದ್ದಾರೆ. ಕಿರಿಯರ ಜೊತೆ ಕೂತು, ನಾಲಿಗೆ ತಡವರಿಸುತ್ತ ಕಲಿಯುತ್ತಾನೆ. ಆ ಹುಡುಗ ಡ್ರ್ಯಾಗನ್ನಿಗಾಗಿ ಪುಸ್ತಕ ಕೇಳಿದವನು. ಮರಳಿ ತಂದಾಗ ಆ ಪುಟಕ್ಕೆ ಬಸ್ ಟಿಕೆಟ್ ಸಿಕ್ಕಿಸಿಟ್ಟಿದ್ದ.

ಸರಣಿಗಳ ವಿಷಯದಲ್ಲಿ ಒಂದು ಎಚ್ಚರ ಬೇಕು. ಮೊದಲ ಭಾಗವಷ್ಟೇ ಕೊಟ್ಟು ಬಿಡಬೇಡಿ. 'ದ ಹಂಗರ್ ಗೇಮ್ಸ್' 2008ರಲ್ಲಿ ಬಂತು, ಅದರಲ್ಲಿ ಕಾಣುವುದು ಸಾಯುವವರೆಗೆ ಕಾದಾಡುವ ಆಟಕ್ಕಿಳಿದ ಹುಡುಗಿ ಕ್ಯಾಟ್ನಿಸ್‌ಳ ಬಾಣದ ಗುರಿ, ಅವಳ ಚುರುಕು. ಅದಕ್ಕೆ ಅವಳು ತೆತ್ತ ಬೆಲೆ ಕಾಣುವುದು 2010ರ ಮೂರನೆಯ ಭಾಗದಲ್ಲಿ. ಗೆದ್ದು ವರ್ಷಗಳಾದರೂ ಕೆಟ್ಟ ಕನಸು ಬಿಟ್ಟಿರುವುದಿಲ್ಲ. ತೀರಾ ಕಷ್ಟವಾದ ದಿನ, ತಾನು ಕಂಡ ಒಳ್ಳೆಯ ಕೆಲಸಗಳನ್ನೆಲ್ಲ ಮನಸ್ಸಿನಲ್ಲೇ ಒಂದೊಂದಾಗಿ ಎಣಿಸಿಕೊಳ್ಳುತ್ತಾಳೆ. ನಾನು ಕೊಡಬೇಕೆಂದಿರುವುದು ಆ ಪುಟ. ಅಲ್ಲಿಗೆ ತಲುಪಲು ಮೂರೂ ಭಾಗ ಬೇಕು.

ಕೇಳುವ ರೀತಿಯೂ ಬದಲಾಗಿದೆ. "ಏನಾಯ್ತು ನಿಮಗೆ?" ಎಂದು ಯಾರನ್ನೂ ನೇರವಾಗಿ ಕೇಳುವುದಿಲ್ಲ, ಅದು ಕೌಂಟರಿನಲ್ಲಿ ಕೇಳುವ ಪ್ರಶ್ನೆಯಲ್ಲ. "ಯಾವುದು ಈಗ ಬೇಡ?" ಎನ್ನುತ್ತೇನೆ. ಬೇಕಾದ್ದನ್ನು ಹೇಳಲು ತಡವರಿಸುವವರು ಬೇಡದ್ದನ್ನು ತಟ್ಟನೆ ಹೇಳುತ್ತಾರೆ: ಆಸ್ಪತ್ರೆ ಬೇಡ, ಮಗು ಸಾಯೋದು ಬೇಡ, ಕುಡುಕ ಗಂಡ ಬೇಡ. ಎರಡು ಪುಸ್ತಕ ಕೊಡುತ್ತೇನೆ, ಒಂದು ಹತ್ತಿರದ್ದು, ಒಂದು ದೂರದ್ದು. ಓದಿ ಮುಗಿಸಲೇಬೇಕಿಲ್ಲ ಎಂದು ಬಾಯಿಬಿಟ್ಟು ಹೇಳುತ್ತೇನೆ.

ಆ ಹುಡುಗಿ ಟೆನಾರ್‌ಳನ್ನು ಎರಡು ಸಲ ರಿನ್ಯೂ ಮಾಡಿಸಿಕೊಂಡಳು. ಆಮೇಲೆ ಗೆಡ್, ಆಮೇಲೆ ಕರಾನಾ. ತಮ್ಮ ಸಾಯುತ್ತಾನೆ ಎಂದು ಎಚ್ಚರಿಸಿದಾಗ "ಗೊತ್ತು, ಪುಸ್ತಕದ ಹಿಂಬದಿಯಲ್ಲೇ ಬರೆದಿದೆ" ಎಂದಳು. ವರ್ಷ ತುಂಬುತ್ತಿದ್ದಾಗ ಒಂದು ಮಧ್ಯಾಹ್ನ ಬಂದು ಕೇಳಿದಳು: "ಮೇಡಂ, ಮೊದಲು ಕೊಟ್ಟಿದ್ರಲ್ಲ, ರೈಲಿಂದ ಶುರುವಾಗೋದು, ಅದಿದೆಯಾ?"

ಕಪಾಟಿನಲ್ಲೇ ಇತ್ತು. ರೈಲಿನ ಪುಟಗಳನ್ನು ಬಿಟ್ಟು, ಸಾಕುತಂದೆ ಹಾನ್ಸ್ ನಡುರಾತ್ರಿ ಎದ್ದು ಲೀಸಲ್‌ಗೆ ಅಕ್ಷರ ಕಲಿಸುವ ಜಾಗದಿಂದಲೂ ಓದಬಹುದು ಎಂದೆ. ತಮ್ಮನ ಸಮಾಧಿಯ ಬಳಿ ಹಿಮದಲ್ಲಿ ಸಿಕ್ಕ ಪುಸ್ತಕವನ್ನಿಟ್ಟುಕೊಂಡು, ಉಪ್ಪುಕಾಗದದ ಹಿಂಬದಿಯಲ್ಲಿ ಅಕ್ಷರ ಬರೆದು ಕಲಿಸುತ್ತಾನೆ ಅವನು.

"ಬೇಡ, ಮೊದಲಿಂದಲೇ ಓದ್ತೀನಿ" ಎಂದಳು. ಎರಡು ವಾರದ ಬದಲು ನಾಲ್ಕು ವಾರದ ತಾರೀಖು ಬರೆದು ಕೊಟ್ಟೆ. ಮನೆಗೆ ಒಯ್ಯಲಿಲ್ಲ ಅವತ್ತು. ಕಿಟಕಿ ಪಕ್ಕದ ಮೇಜಿಗೆ ಹೋಗಿ ಕೂತು, ಪುಸ್ತಕ ತೆರೆದಳು.