ಹೊಡೆ ಬಿಚ್ಚಿ ನೋಡಿದ ಮೇಲೆ

ಎರಡು ವರ್ಷದ ಹಿಂದೆ ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಊರಿಗೆ ಹೋಗಿದ್ದೆ. ನಮ್ಮದು ಡೋಣಿ ಹೊಳೆ ಸಾಲಿನ ಎರಿ ಹೊಲ, ವಿಜಯಪುರದಿಂದ ಬಸ್ಸಿನಲ್ಲಿ ಒಂದು ತಾಸು. ಅಣ್ಣ ಹೊಲದ ತುಂಬ ನಮ್ಮ ಕಡೆಯ ಮಾಲ್ದಂಡಿ ಜೋಳ ಬಿತ್ತಿದ್ದ. ಒಂದು ಮೂಲೆಯಲ್ಲಿ ಮಾತ್ರ ಹೈಬ್ರಿಡ್ ಜೋಳ. ಸಜ್ಜಿ ರೊಟ್ಟಿ, ಪುಂಡಿಪಲ್ಲೆ ಉಂಡ ಮೇಲೆ ನನ್ನನ್ನು ಆ ಮೂಲೆಗೆ ಕರೆದುಕೊಂಡು ಹೋದ. ತೆನೆ ತಿಕ್ಕಿದರೆ ಅಂಗೈಗೆ ಬರೀ ಹೊಟ್ಟು.

"ಬೀಜನ ಸುಳ್ಳ ಐತಿ. ನೀ ಹೂವಿನ ಮಾಸ್ತರ ಅಲ್ಲೇನು? ಹೇಳು ನೋಡೋಣು" ಅಂದ.

ನಾನು ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಪರಾಗದ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಆವತ್ತು ಬಾಯಿ ಕಟ್ಟಿಹೋಯಿತು.

ಒಂದು ಸುಳಿವು ಮಾತ್ರ ಕಣ್ಣಿಗೆ ಬಿತ್ತು. ಮಾಲ್ದಂಡಿಗೆ ಹತ್ತಿಕೊಂಡ ಸಾಲಿನಲ್ಲಿ, ತಡವಾಗಿ ಬಂದ ತೆನೆಗಳಿಗೆ ಕಾಳು ಚೆನ್ನಾಗಿಯೇ ಕಟ್ಟಿತ್ತು. ಹೈಬ್ರಿಡ್ ಎಂಟು-ಹತ್ತು ದಿನ ಮುಂಚೆ ಹೂ ಬಿಟ್ಟಿತ್ತು. ತಡವಾದ ತೆನೆಗಳಿಗೆ ಮಾತ್ರ ಪಕ್ಕದ ಪರಾಗ ಸಿಕ್ಕಿದೆ. ಅಂದರೆ ಅಂಡಾಶಯ ಸರಿ ಇದೆ, ಕೈಕೊಟ್ಟಿದ್ದು ಸ್ವಂತ ಪರಾಗ. ಇನ್ನೂ ಅರಳುತ್ತಿದ್ದ ನಾಲ್ಕು ಮರಿ ತೆನೆ ಕಿತ್ತು ತಂದೆ. ಅಯೋಡಿನ್ ಹಾಕಿ ನೋಡಿದೆ. ಪಿಷ್ಟ ತುಂಬಿದ ಪರಾಗ ಕಪ್ಪಗಾಗುತ್ತದೆ. ಇಲ್ಲಿ ಅರ್ಧಕ್ಕಿಂತ ಜಾಸ್ತಿ ಪೇಲವ, ಮುದುಡಿದ ಚೀಲಗಳು. ಸತ್ತಿವೆ ಅನ್ನುವುದು ಗೊತ್ತಾಯಿತು, ಯಾವಾಗ ಸತ್ತವು ಅನ್ನುವುದು ಗೊತ್ತಾಗಲಿಲ್ಲ. ಅರಳಿದ ಹೂವಿನಲ್ಲಿ ಅದು ಸಿಗುವುದೂ ಇಲ್ಲ.

ಮರುವರ್ಷ ಅಣ್ಣನ ಹತ್ತಿರ ಉಳಿದಿದ್ದ ಹೈಬ್ರಿಡ್ ಬೀಜವನ್ನೇ ಎರಡು ಸಾಲು ಬಿತ್ತಿಸಿದೆ, ಹದಿನೈದು ದಿನದ ಅಂತರದಲ್ಲಿ. ಈ ಸಲ ಹೂವಿಗೆ ಕಾಯಲಿಲ್ಲ. ತೆನೆ ಇನ್ನೂ ಎಲೆಯ ಒರೆಯೊಳಗೆ ಇರುವಾಗಲೇ, ಅಂದರೆ ಹೊಡೆ ಉಬ್ಬಿದ ಕೂಡಲೇ ಬ್ಲೇಡಿನಿಂದ ಬಿಚ್ಚಿದೆ. ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಅಸಿಟಿಕ್ ಆಮ್ಲ ಬೆರೆಸಿದ ಬಾಟಲಿಗೆ ಒಂದು ದಿನ ಹಾಕಿ, ಆಮೇಲೆ 70% ಆಲ್ಕೋಹಾಲಿಗೆ ಬದಲಿಸಿದೆ. ಜೋಳದ ಪ್ರತಿ ಹೂವಿನಲ್ಲಿ ಮೂರು ಪರಾಗಕೋಶ, ಪರಾಗ ಹುಟ್ಟುವ ಗೂಡುಗಳು. ಸೂಜಿಯಿಂದ ಒಂದನ್ನು ಬಿಡಿಸಿ, ಅಸಿಟೋಕಾರ್ಮೈನ್ ಎಂಬ ಕೆಂಪು ಬಣ್ಣದ ಹನಿಯಲ್ಲಿ ಅರೆದು, ಗಾಜು ಮುಚ್ಚಿ, ಸ್ಪಿರಿಟ್ ದೀಪದ ಮೇಲೆ ತುಸು ಬಿಸಿ ತೋರಿಸಬೇಕು. ಕುದಿಸಿದರೆ ಕೆಟ್ಟಿತು.

ಮೊದಲ ಮೂವತ್ತು ಸ್ಲೈಡು ಸುಮ್ನೆ ದಂಡ. ನಾನು ಹಳದಿ ಬಣ್ಣದ ದಪ್ಪ ಪರಾಗಕೋಶಗಳನ್ನೇ ಆರಿಸುತ್ತಿದ್ದೆ. ಹಳದಿ ಅಂದರೆ ಕೆಲಸ ಮುಗಿದ ಹಾಗೆ. ಬೇಕಾದದ್ದು ನೀರಿನಂತೆ ತೆಳು, ಹಸಿರು ಛಾಯೆಯ ಸಣ್ಣವು. ಇನ್ನೊಂದು ಅನುಕೂಲ: ಜೋಳದ ತೆನೆ ತುದಿಯಿಂದ ಕೆಳಗೆ ಹಣ್ಣಾಗುತ್ತಾ ಬರುತ್ತದೆ. ತುದಿಯಲ್ಲಿ ಹಂತ ದಾಟಿದ್ದರೆ ಬುಡದ ಕವಲಿಗೆ ಇಳಿಯಿರಿ, ಹಿಂದಿನ ಹಂತ ಅಲ್ಲೇ ಸಿಗುತ್ತದೆ.

ಹಾಗೆ ಇಳಿಯುತ್ತಾ ಒಂದು ಸಂಜೆ ಅದು ಕಂಡಿತು. ಪರಾಗದ ಒಂದು ತಾಯಿಕೋಶ ಒಡೆದು ನಾಲ್ಕಾಗಿದೆ, ರೊಟ್ಟಿಯನ್ನು ನಾಲ್ಕು ಚೂರು ಮಾಡಿ ತಾಟಿನಲ್ಲಿ ಇಟ್ಟ ಹಾಗೆ. ಚೂರುಗಳ ನಡುವೆ, ಸುತ್ತ ಬಣ್ಣವೇ ಹತ್ತದ ಒಂದು ಬಿಳಿ ಅಂಚು. ಅದು ಕ್ಯಾಲೋಸ್, ಸಕ್ಕರೆಯಿಂದಾದ ತಾತ್ಕಾಲಿಕ ಗೋಡೆ. ಕಟ್ಟುವುದಕ್ಕೆ ಒಂದು ಪ್ರೋಟೀನು, ಕೆಡವುವುದಕ್ಕೆ ಇನ್ನೊಂದು. ಕೆಡವುವ ಕಿಣ್ವದ ಹೆಸರು ಕ್ಯಾಲೇಸ್. (ಕ್ಯಾಲೋಸ್, ಕ್ಯಾಲೇಸ್ ಅಂತ ಹೆಸರಿಟ್ಟವರಿಗೆ ನನ್ನ ವಿದ್ಯಾರ್ಥಿಗಳ ಶಾಪ ತಟ್ಟದೆ ಇರದು.) ಈ ಕಿಣ್ವವನ್ನು ಪರಾಗ ತಾನೇ ಮಾಡಿಕೊಳ್ಳುವುದಿಲ್ಲ. ಪರಾಗಕೋಶದ ಒಳಗೋಡೆಯಾದ ಟಪೀಟಮ್ ಎಂಬ ಪದರ ಅದನ್ನು ಮಾಡಿ ಒಳಗೆ ಬಿಡುತ್ತದೆ. 1992ರಲ್ಲಿ ತಂಬಾಕಿನ ಟಪೀಟಮ್‌ನಲ್ಲಿ ಈ ಬಗೆಯ ಕಿಣ್ವವನ್ನು ಸಮಯಕ್ಕೆ ಮುಂಚೆಯೇ ಹುಟ್ಟಿಸಿ ನೋಡಿದರು. ಗೋಡೆ ಬೇಗ ಕರಗಿತು, ಗಿಡದ ಗಂಡುತನ ಹೋಯಿತು. ಕಿಣ್ವ ಅದೇ, ಕೆಲಸ ಅದೇ, ತಪ್ಪಿದ್ದು ವೇಳೆ.

ಗೋಡೆ ಕರಗಿದ ಮೇಲೆ ನಾಲ್ಕೂ ಬೇರೆಯಾಗಿ ಹೊರಗವಚ ಕಟ್ಟಿಕೊಳ್ಳುತ್ತವೆ. ಅದರ ಸ್ಪೋರೊಪೊಲೆನಿನ್ ಎಂಬ ವಸ್ತು ಮಹಾ ಗಟ್ಟಿ. ಅದರ ಸಾಮಾನು ತಯಾರಾಗುವುದೂ ಟಪೀಟಮ್‌ನಲ್ಲೇ, ಹೊರಗೆ ಸಾಗಿಸುವುದಕ್ಕೆ ಬೇರೆ ಪ್ರೋಟೀನುಗಳು. ಅರಬಿಡಾಪ್ಸಿಸ್ ಎಂಬ ಸಾಸಿವೆ ಜಾತಿಯ ಕಳೆಗಿಡದಲ್ಲಿ ಇದರ ಸರಪಳಿಯನ್ನೇ ಬಿಡಿಸಿದ್ದಾರೆ. ಡಿವೈಟಿ1 ಎಂಬ ಪ್ರೋಟೀನು ಟಿಡಿಎಫ್1 ಅನ್ನು ಎಬ್ಬಿಸುತ್ತದೆ, ಅದು ಎಎಂಎಸ್ ಅನ್ನು, ಹೀಗೆ ಮುಂದಕ್ಕೆ. ಇಂಥ ಪ್ರೋಟೀನುಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಐಎನ್‌ಪಿ1. ಅದರ ಕೆಲಸ ಇಷ್ಟೇ: ಇಲ್ಲಿ ಕವಚ ಕಟ್ಟಬೇಡಿ, ಬಾಗಿಲಿಗೆ ಜಾಗ ಬಿಡಿ. ಭತ್ತದಲ್ಲಿ ಅದು ಕೆಟ್ಟರೆ ಪರಾಗಕ್ಕೆ ರಂಧ್ರವೇ ಇರುವುದಿಲ್ಲ, ಅಂಡಾಶಯದ ಕಡೆ ಬೆಳೆಯಬೇಕಾದ ನಳಿಕೆ ಹೊರಬರುವುದಿಲ್ಲ. ಜೋಳದ ಪರಾಗಕ್ಕೂ ಒಂದೇ ರಂಧ್ರ, ಮೇಲೊಂದು ಪುಟ್ಟ ಮುಚ್ಚಳ. ನಮ್ಮ ಕಾಲೇಜಿನ ಹಳೆ ಮೈಕ್ರೋಸ್ಕೋಪಿನಲ್ಲೂ ಕಾಣುತ್ತದೆ.

ಕೊನೆಗೆ ಟಪೀಟಮ್ ತಾನೇ ಕರಗಿ ಉಳಿದದ್ದನ್ನೆಲ್ಲ ಪರಾಗಕ್ಕೆ ಕೊಟ್ಟುಬಿಡುತ್ತದೆ. ಇದೂ ಬೇಗ ಆಗಬಾರದು, ತಡವೂ ಆಗಬಾರದು.

ಈಗ ಅಣ್ಣನ ಹೈಬ್ರಿಡ್. ಹೈಬ್ರಿಡ್ ಜೋಳದ ತಾಯಿ ಗಿಡ ಹುಟ್ಟಾ ಪರಾಗ ಕೊಡದ ತಳಿ. 1954ರಲ್ಲಿ ಅಮೆರಿಕದಲ್ಲಿ ಸ್ಟೀಫನ್ಸ್ ಮತ್ತು ಹಾಲೆಂಡ್ ಇಂಥ ಜೋಳ ತೋರಿಸಿದರು. ಅದೇ ದಾರಿಯಲ್ಲಿ 1964ರಲ್ಲಿ ನಮ್ಮಲ್ಲಿ ಸಿಎಸ್‌ಎಚ್-1 ಎಂಬ ಹೈಬ್ರಿಡ್ ಜೋಳ ಬಂತು. ಬಂಜೆತನ ತಾಯಿಯ ಮೈಟೋಕಾಂಡ್ರಿಯದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗದ) ಮೂಲಕ ಮಗಳಿಗೂ ಬರುತ್ತದೆ. ಅದನ್ನು ತಡೆಯುವ ಪ್ರೋಟೀನಿನ ಜೀನ್ ತಂದೆ ಕೊಡಬೇಕು. ಹಿಂಗಾರಿ ಹೈಬ್ರಿಡ್‌ಗಳಲ್ಲಿ ಈ ಹಿಡಿತ ಚಳಿಗೆ ಸಡಿಲವಾಗುವುದು ಹಳೆಯ ಗೋಳು. ಮಾಲ್ದಂಡಿಗೆ ಈ ತಂಟೆಯೇ ಇಲ್ಲ.

ನನ್ನ ಎರಡು ಸಾಲಿನಲ್ಲೂ ಅದೇ ಕಂಡಿತು. ಮೊದಲು ಬಿತ್ತಿದ ಸಾಲು ಚಳಿ ಬೀಳುವ ಮುಂಚೆ ಹೊಡೆಯ ಹಂತ ದಾಟಿತ್ತು, ಪರಾಗ ಬಹುತೇಕ ಕಪ್ಪು. ಎರಡನೆಯದು ಡಿಸೆಂಬರ್ ಚಳಿಗೆ ಹೊಡೆಯಲ್ಲೇ ಸಿಕ್ಕಿಕೊಂಡಿತು, ಮತ್ತೆ ಪೇಲವ ಚೀಲಗಳು. ನಾಲ್ಕು ಚೂರಿನ ಹಂತದವರೆಗೆ ಎರಡೂ ಸಾಲು ಒಂದೇ ಥರ ಕಂಡವು. ಪಿಷ್ಟ ತುಂಬುವ ಹೊತ್ತಿಗೆ ಬೇರೆಯಾದವು. ಪರಾಗಕ್ಕೆ ಸಕ್ಕರೆ ಒದಗಿಸುವ ಇನ್ವರ್ಟೇಸ್ ಕಿಣ್ವ ಭತ್ತದಲ್ಲಿ ಚಳಿಗೆ ಕುಗ್ಗುತ್ತದೆ. ಜೋಳದಲ್ಲೂ ಹಾಗೇ ಆಗಿರಬೇಕು ಅನ್ನುವುದು ನನ್ನ ಅಂದಾಜು. ಎರಡು ಸಾಲಿನಿಂದ ಅದಕ್ಕಿಂತ ಜಾಸ್ತಿ ಹೇಳಲಾಗದು.

ಅಣ್ಣನನ್ನು ಕಾಲೇಜಿಗೆ ಕರೆಸಿ ಸ್ಲೈಡ್ ತೋರಿಸಿದೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ. "ಹಂಗಾರ ಬೀಜ ಸುಳ್ಳಲ್ಲ ಅಂತಿ. ನಡುನಡುವ ಮಾಲ್ದಂಡಿ ಸಾಲ ಹಾಕಿ, ಎಂಟ ದಿನ ಮೊದಲ ಬಿತ್ತಿದರಾತು. ಇದರದ್ದು ಇಲ್ಲಂದ್ರ ಅದರದ್ದು ಪರಾಗ ಸಿಗತೈತಿ."

ಹದಿನಾರು ತಿಂಗಳು ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟು ಕೂತ ನನಗೆ ಅದು ಹೊಳೆದಿರಲಿಲ್ಲ. ಈ ಹಿಂಗಾರಿಗೆ ಹಾಗೇ ಬಿತ್ತಿದ್ದಾನೆ. ಹೊಡೆ ಇನ್ನೂ ಕಂಡಿಲ್ಲ. ನಾನು ಬಾಟಲಿ ತೊಳೆದಿಟ್ಟು ಅವನ ಫೋನಿಗೆ ಕಾಯುತ್ತಿದ್ದೇನೆ.