ಅಪ್ಪನ ಮ್ಯಾಸಿಯನ್ನು ಮೂರೇ ಸಲ ಬಿಚ್ಚಿದೆ

ನಮ್ಮ ಮನೆಯ ಮ್ಯಾಸಿ 1035 ಟ್ರ್ಯಾಕ್ಟರ್ ಅಪ್ಪ ತಂದದ್ದು. ಆಗ ನಾನು ಮೂರನೇ ಕ್ಲಾಸು. ಭದ್ರಾ ನಾಲೆಯ ಕೆಳಗೆ ನಮ್ಮ ಗದ್ದೆ, ವರ್ಷಕ್ಕೆ ಎರಡು ಬೆಳೆ ಭತ್ತ. ಅಂದರೆ ವರ್ಷಕ್ಕೆ ಎರಡು ಸಲ ಈ ಗಾಡಿ ಕೇಜ್ ವ್ಹೀಲ್ (ಕೆಸರಿಗೆ ಹಾಕುವ ಕಬ್ಬಿಣದ ಚಕ್ರ) ಹಾಕಿಕೊಂಡು ಕೆಸರಿಗೆ ಇಳಿಯುತ್ತದೆ. ಮೂವತ್ತು ಚಿಲ್ಲರೆ ವರ್ಷ ಹೀಗೆ ದುಡಿದಿದೆ. ಇಷ್ಟು ದುಡಿದ ಮೇಲೆ ಸವೆಯದೆ ಇರುತ್ತಾ?

ಮೊದಲು ನಾನೂ ಎಲ್ಲರ ಹಾಗೇ ಮಾಡುತ್ತಿದ್ದೆ. ಕೆಟ್ಟಾಗ ಕೆಟ್ಟದ್ದನ್ನು ಮಾತ್ರ ರಿಪೇರಿ ಮಾಡಿಸೋದು. ಒಂದು ವರ್ಷ ಕ್ಲಚ್ ಪ್ಲೇಟ್ ಹೋಯಿತು. ಗಾಡಿಯ ನಡು ಬಿಡಿಸಿ, ಅಂದರೆ ಎಂಜಿನ್ನನ್ನೂ ಗೇರ್ ಬಾಕ್ಸನ್ನೂ ಬೇರೆ ಮಾಡಿ, ಹೊಸದು ಹಾಕಿಸಿದೆ. ಎರಡೇ ತಿಂಗಳಿಗೆ ಕ್ರ್ಯಾಂಕಿನ (ಎಂಜಿನ್ನೊಳಗೆ ತಿರುಗುವ ಮುಖ್ಯ ದಂಡ) ಹಿಂದಿನ ಸೀಲಿನಿಂದ ಆಯಿಲ್ ಸೋರಿ ಆ ಹೊಸ ಪ್ಲೇಟೇ ಒದ್ದೆಯಾಯಿತು. ಮತ್ತೆ ನಡು ಬಿಡಿಸಿದ್ದು. ಅದೇ ಕೂಲಿ, ಅದೇ ಮೂರು ದಿನ, ಮತ್ತೊಂದು ಪ್ಲೇಟಿನ ದುಡ್ಡು. ಸೀಲು ಮೊದಲ ಸಲವೇ ಕಣ್ಣೆದುರು ಇತ್ತು. ಆಗ ಅದು ಸೋರುತ್ತಿರಲಿಲ್ಲ, ಅದಕ್ಕೇ ಮುಟ್ಟಿರಲಿಲ್ಲ.

ಅಲ್ಲಿಂದ ನನ್ನ ಲೆಕ್ಕ ಬದಲಾಯಿತು. ಈ ಟ್ರ್ಯಾಕ್ಟರ್‌ಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ. ಎಂಜಿನ್, ಗೇರ್ ಬಾಕ್ಸ್, ಹಿಂದಿನ ಹೌಸಿಂಗ್ ಒಂದಕ್ಕೊಂದು ಬೋಲ್ಟಾಗಿ ಅವೇ ಬೆನ್ನುಮೂಳೆ. ಕ್ಲಚ್ಚಿನಂಥ ಒಳಗಿನ ಸಾಮಾನು ಮುಟ್ಟಬೇಕಾದರೆ ಬೆನ್ನುಮೂಳೆಯನ್ನೇ ಬಿಡಿಸಬೇಕು. ಹಾಗಾಗಿ ಪೂರ್ತಿ ರಿಪೇರಿ ಮಾಡಿಸಬೇಕು ಅಂತ ಕೂತಾಗ ‘ಏನೇನು ಕೆಟ್ಟಿದೆ’ ಅಂತ ಪಟ್ಟಿ ಮಾಡಲಿಲ್ಲ. ‘ಎಷ್ಟು ಸಲ ಬಿಚ್ಚಬೇಕು, ಬಿಚ್ಚಿದಾಗ ಅಲ್ಲಿ ಏನೇನು ಮುಗಿಸಬೇಕು’ ಅಂತ ಬರೆದೆ.

ಅದಕ್ಕೂ ಮೊದಲು ಒಂದು ವಿಷಯ ನೋಡಿಕೊಂಡೆ: ಸಾಮಾನು ಸಿಗುತ್ತಾ? ನಮ್ಮ ಪಕ್ಕದ ಮನೆಯವರ ಹತ್ತಿರ ಎಚ್‌ಎಂಟಿ ಜೀಟರ್ 2511 ಇದೆ. 1971ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ತಯಾರಾಗಲು ಶುರುವಾದ ಎರಡು ಸಿಲಿಂಡರಿನ ಗಾಡಿ. ಗಟ್ಟಿ ಜೀವ. ಆದರೆ ಎಚ್‌ಎಂಟಿ ಟ್ರ್ಯಾಕ್ಟರ್ ಮುಚ್ಚಿಹೋದ ಮೇಲೆ ಅವರು ಒಂದೊಂದು ಗೇರಿಗೂ ಗುಜರಿ ಅಂಗಡಿ ಸುತ್ತುತ್ತಾರೆ. ಅವರ ಹಾಗೆ ನೀವೂ ಹಳೇ ಗಾಡಿ ಇಟ್ಟುಕೊಂಡಿದ್ದರೆ ಮೊದಲು ಸಾಮಾನು ಕೂಡಿಸಿ, ಆಮೇಲೆ ಪಾನಾ ಹಿಡಿಯಿರಿ. ನಮ್ಮ ಮ್ಯಾಸಿಗೆ ಆ ಕಷ್ಟ ಇಲ್ಲ. ಚೆನ್ನೈನ ಟಾಫೆಯವರದು, ಸಿಂಪ್ಸನ್ ಎಂಜಿನ್. ದಾವಣಗೆರೆಯಲ್ಲೋ ಶಿವಮೊಗ್ಗದಲ್ಲೋ ಹುಡುಕಿದರೆ ಸಿಗದ ಸಾಮಾನು ಕಡಿಮೆ.

ದಿನ ಗೊತ್ತು ಮಾಡಿದ್ದು ನಾಲೆ ನೀರು ನೋಡಿಕೊಂಡು. ಬೇಸಿಗೆ ಭತ್ತದ ಕೊಯ್ಲು ಮೇ ಮಧ್ಯಕ್ಕೆ ಮುಗಿಯುತ್ತದೆ. ಮಳೆಗಾಲದ ಬೆಳೆಗೆ ಜುಲೈ ಕೊನೆಗೋ ಆಗಸ್ಟ್‌ಗೋ ನೀರು ಬಿಡುತ್ತಾರೆ. ನಡುವೆ ಸಿಗೋದು ಎರಡು ತಿಂಗಳು. ಅದರಲ್ಲಿ ನಾನು 45 ದಿನವನ್ನೇ ಲೆಕ್ಕಕ್ಕೆ ಹಿಡಿದೆ. ಉಳಿದದ್ದು ತಡವಾಗುವುದಕ್ಕೆ ಅಂತ ಬಿಟ್ಟೆ. ದುಡ್ಡಿನಲ್ಲೂ ಹಾಗೇ. ಅಂದಾಜಿನ ಮೂರನೇ ಒಂದು ಪಾಲನ್ನು ಬೇರೆ ಇಟ್ಟೆ, ಅದನ್ನು ಲೆಕ್ಕದಲ್ಲಿ ತೋರಿಸಲೇ ಇಲ್ಲ. ಆ ಪಾಲು ಪೂರ್ತಿ ಖರ್ಚಾಯಿತು.

ಇನ್ನು ಪರೀಕ್ಷೆ. ನಾಟಿ ಆದ ಮೇಲೆ ಕೊಯ್ಲಿನ ತನಕ ಗಾಡಿಗೆ ಜಾಸ್ತಿ ಕೆಲಸ ಇರಲ್ಲ. ಮಾರ್ಚ್, ಏಪ್ರಿಲ್ ಪೂರ್ತಿ ನಾನು ರಿಪೇರಿಗೆ ಅಂತ ಏನೂ ಬಿಚ್ಚದೆ ಬರೀ ನೋಡಿ ಬರೆದುಕೊಂಡೆ. ಬಿಚ್ಚಿದ ಎಂಜಿನ್ ನಿಮಗೆ ಏನೂ ಹೇಳಲ್ಲ. ಓಡುವ ಎಂಜಿನ್ ಎಲ್ಲವನ್ನೂ ಹೇಳುತ್ತದೆ. ನನ್ನ ಕೇಳಿದರೆ ಇಡೀ ಕೆಲಸದಲ್ಲಿ ಬೆಲೆಬಾಳುವ ದಿನಗಳು ಇವೇ.

ಬೆಳಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಹೊಗೆಯ ಬಣ್ಣ ನೋಡುತ್ತಿದ್ದೆ. ನೀಲಿ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಬಂದು ಬಿಸಿಯಾದ ಮೇಲೂ ನಿಲ್ಲದಿದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಇಲ್ಲವೇ ನೀರು ಒಳಗೆ ಹೋಗುತ್ತಿದೆ. ಲೋಡಿನಲ್ಲಿ ಕಪ್ಪು ಬಂದರೆ ಮೊದಲು ಏರ್ ಕ್ಲೀನರ್ ನೋಡಬೇಕು, ಆಮೇಲೆ ನಾಜಲ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ). ನಮ್ಮದು ನೀಲಿ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಗಾಳಿ ಬುಸುಬುಸು ಅಂತ ಬರುತ್ತಿತ್ತು, ಅದು ಪಿಸ್ಟನ್ ರಿಂಗು, ಸಿಲಿಂಡರ್ ಸವೆದ ಗುರುತು. ಎಂಜಿನ್ ಓಡುತ್ತಿರುವಾಗ ನಾಜಲ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲ ಮಾಡಿದೆ. ಮೊದಲನೆಯದನ್ನು ಸಡಿಲ ಮಾಡಿದಾಗ ಎಂಜಿನ್ ಸದ್ದು ಕುಗ್ಗಿತು, ಮೂರನೆಯದಕ್ಕೂ ಕುಗ್ಗಿತು. ಎರಡನೆಯದನ್ನು ಸಡಿಲ ಮಾಡಿದರೆ ಸದ್ದು ಬದಲಾಗಲೇ ಇಲ್ಲ. ಅಂದರೆ ಆ ಸಿಲಿಂಡರ್ ಸುಮ್ನೆ ಕೂತಿದೆ. (ಸಡಿಲ ಮಾಡುವಾಗ ಮುಖ, ಕೈ ದೂರ ಇರಲಿ. ಆ ಒತ್ತಡದ ಡೀಸೆಲ್ ಚರ್ಮದೊಳಗೇ ಹೊಕ್ಕುಬಿಡುತ್ತದೆ.) ಡಿಪ್‌ಸ್ಟಿಕ್ ಮೂಸಿದರೆ ಡೀಸೆಲ್ ವಾಸನೆ. ಅದು ಫೀಡ್ ಪಂಪಿನ (ಟ್ಯಾಂಕಿನಿಂದ ಡೀಸೆಲ್ ತರುವ ಪಂಪು) ಒಳಗಿನ ಪರದೆ, ಡಯಾಫ್ರಮ್, ಹರಿದ ಗುರುತು. ಚಿಕ್ಕ ಸಾಮಾನು. ಆದರೆ ಅದನ್ನು ಬಿಟ್ಟಿದ್ದರೆ ಹೊಸ ಬೇರಿಂಗುಗಳು ಡೀಸೆಲ್ ಬೆರೆತ ಆಯಿಲಿನಲ್ಲಿ ಸವೆಯುತ್ತಿದ್ದವು.

ಈ ನೋಟ್‌ಬುಕ್ಕಿನ ದೂರುಗಳೆಲ್ಲ ಸೇರಿ ಇಪ್ಪತ್ತು ದಾಟಿದವು. ಆದರೆ ಬಿಚ್ಚುವ ಲೆಕ್ಕದಲ್ಲಿ ಮೂರೇ ಮೂರು. ಮುಂದೆ: ಎಂಜಿನ್, ಕ್ಲಚ್. ಮೇಲೆ: ಹೈಡ್ರಾಲಿಕ್ ಮುಚ್ಚಳ. ಪಕ್ಕಕ್ಕೆ: ಎರಡು ಟ್ರಂಪೆಟ್ (ಹಿಂದಿನ ಆಕ್ಸಲಿನ ಕೊಳವೆಗಳು), ಬ್ರೇಕ್.

ಮುಂದಿನದನ್ನೇ ಮೊದಲು ಹಿಡಿದೆ. ಏಕೆಂದರೆ ಕ್ರ್ಯಾಂಕ್ ಗ್ರೈಂಡಿಂಗ್‌ಗೆ, ಸಿಲಿಂಡರ್ ಬೋರ್ ಮಾಡಿಸೋದಕ್ಕೆ ಸಾಮಾನು ಊರಿನಿಂದ ಆಚೆ ಹೋಗಬೇಕು. ಅದು ಅಲ್ಲಿ ಇರುವಾಗ ನಾವಿಲ್ಲಿ ಉಳಿದದ್ದು ಮಾಡಬಹುದು. ಇಲ್ಲಿ ಒಂದು ಕೆಲಸ ಮರೆಯಬಾರದು. ಮುಂದಿನ ಆಕ್ಸಲ್ ನಡುವಿನ ಪಿನ್ನಿನ ಮೇಲೆ ತೂಗಾಡುತ್ತದೆ. ಗಾಡಿ ಇಬ್ಭಾಗ ಆದ ತಕ್ಷಣ ಎಂಜಿನ್ ಒಂದು ಪಕ್ಕಕ್ಕೆ ವಾಲಿ ಬೀಳಬಹುದು. ನಾವು ಆಕ್ಸಲಿಗೂ ಅದರ ಮೇಲಿನ ಸಪೋರ್ಟಿಗೂ ನಡುವೆ ಎರಡೂ ಕಡೆ ಜಾಲಿಮರದ ಬೆಣೆ ಹೊಡೆದೆವು. ಹಿಂದಿನ ಭಾಗಕ್ಕೆ ದಿಮ್ಮಿ ಪೇರಿಸಿದೆವು, ಜಾಕನ್ನೊಂದೇ ನಂಬಲಿಲ್ಲ. ನಮ್ಮ ಮೆಕ್ಯಾನಿಕ್ ಮೇಸ್ತ್ರಿ ಬೆಣೆಯನ್ನು ಕೈಯಿಂದ ಅಲ್ಲಾಡಿಸಿ, ‘ಅಣ್ಣಾ, ಇದು ಅಲುಗಾಡಿದ್ರೆ ನಾನು ಒಳಗೆ ಕೈ ಹಾಕಲ್ಲ’ ಅಂದು ಇನ್ನೊಂದೆರಡು ಏಟು ಹೊಡೆಸಿದರು.

ಬೋಲ್ಟುಗಳ ಬಗ್ಗೆಯೂ ಹೇಳಬೇಕು. ಈ ಗಾಡಿಯದು ಇಂಚಿನ ಅಳತೆ. 9/16 ಇಂಚು ಅಂದರೆ 14.3 ಮಿಲಿಮೀಟರ್ ಹತ್ತಿರ. 14ರ ಪಾನಾ ಕೂರಲ್ಲ, 15 ಹಾಕಿದರೆ ಜಾರಿ ತಲೆ ದುಂಡಗಾಗುತ್ತದೆ. ಹಿಂದೆ ಯಾರೋ ಆತುರಕ್ಕೆ ಮಿಲಿಮೀಟರ್ ಬೋಲ್ಟನ್ನೇ ಹೊಡೆದು ಕೂರಿಸಿ ನಾಲ್ಕು ಕಡೆ ಮರೆ (ತೂತಿನ ಒಳಗಿನ ತಿರುಪು) ಹಾಳು ಮಾಡಿದ್ದರು. ಆ ನಾಲ್ಕನ್ನೂ ಲೇತಿನವರಿಂದ ಸರಿ ಮಾಡಿಸಿದೆ. ಇಂಚಿನ ಪಾನಾ ಸೆಟ್ಟು ಒಂದನ್ನು ನಾನೇ ತಂದೆ. ಬಿಚ್ಚಿದ ಬೋಲ್ಟುಗಳನ್ನು ಹಳೇ ರಟ್ಟಿನ ಮೇಲೆ ಆಯಾ ಮುಚ್ಚಳದ ಆಕಾರ ಬರೆದು, ತೂತು ಮಾಡಿ, ಅವುಗಳ ಜಾಗಕ್ಕೇ ಚುಚ್ಚಿಟ್ಟೆ. ಮುಚ್ಚಳದ ಬೋಲ್ಟುಗಳು ಎಲ್ಲ ಒಂದೇ ಉದ್ದ ಇರಲ್ಲ. ಉದ್ದನೆಯದು ಗಿಡ್ಡದರ ಜಾಗಕ್ಕೆ ಹೋದರೆ ಎರಕವೇ ಸೀಳಬಹುದು.

ನಾನು ಮಾಡಿದ ದೊಡ್ಡ ತಪ್ಪು ಬೇರಿಂಗಿನದು. ಶಿವಮೊಗ್ಗಕ್ಕೆ ಹೇಗೂ ಹೋಗಿದ್ದೆ, ಒಟ್ಟಿಗೆ ತಂದರಾಯಿತು ಅಂತ ಸ್ಟ್ಯಾಂಡರ್ಡ್ ಸೈಜಿನ ಬೇರಿಂಗ್ ಸೆಟ್ಟು ಮೊದಲೇ ತಂದಿಟ್ಟೆ. ಕ್ರ್ಯಾಂಕ್ ಹೊರಗೆ ಬಂದ ಮೇಲೆ ಮೈಕ್ರೋಮೀಟರ್ ಇಟ್ಟು ನೋಡಿದರೆ ಅದು ಅಪ್ಪನ ಕಾಲದಲ್ಲೇ ಒಮ್ಮೆ ಹತ್ತು ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು) ಗ್ರೈಂಡ್ ಆಗಿತ್ತು. ಈಗ ಇಪ್ಪತ್ತಕ್ಕೆ ಹೋಗಬೇಕು, ಅಂದರೆ ಅರ್ಧ ಮಿಲಿಮೀಟರ್ ಹತ್ತಿರ ಸಣ್ಣ. ನಾನು ತಂದ ಸೆಟ್ಟು ಕೆಲಸಕ್ಕೆ ಬರಲಿಲ್ಲ. ಪೊಟ್ಟಣ ಒಡೆದಿದ್ದರಿಂದ ವಾಪಸ್ಸೂ ಆಗಲಿಲ್ಲ. ಅಳತೆ ತೆಗೆಯದೆ ಪಿಸ್ಟನ್, ರಿಂಗ್, ಬೇರಿಂಗ್ ಯಾವುದನ್ನೂ ತರಬೇಡಿ. ಸೀಲು, ಪ್ಯಾಕಿಂಗ್, ಫಿಲ್ಟರ್, ಕ್ಲಚ್ ಪ್ಲೇಟ್ ಇವನ್ನು ಮೊದಲೇ ತಂದಿಡಬಹುದು.

ಗ್ರೈಂಡಿಂಗ್ ಅಂಗಡಿಯವರು ನಾಲ್ಕು ದಿನ ಅಂದದ್ದು ಹದಿನಾರು ದಿನವಾಯಿತು. ಬೇಜಾರಾಯಿತು ನಿಜ. ಆದರೆ ಅದೇ ದಿನಗಳಲ್ಲಿ ಮೇಲಿನದನ್ನೂ ಪಕ್ಕದ್ದನ್ನೂ ಮುಗಿಸಿಕೊಂಡೆವು.

ಮೇಲಿನದು ಅಂದರೆ ಹೈಡ್ರಾಲಿಕ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಸುಮ್ನೆ ದುಡ್ಡು ಕಳೆದುಕೊಳ್ಳುವವರು ಬಹಳ. ಹಿಂದೆ ಕಟ್ಟಿದ ಸಲಕರಣೆಯನ್ನು ಎತ್ತಿ ಇಳಿಸುವ, ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ರೂಪಿಸಿದ ಮೂರು ಪಾಯಿಂಟಿನ ಲಿಫ್ಟ್ ಇದು. ಇವತ್ತು ಯಾವ ಕಂಪನಿಯ ಟ್ರ್ಯಾಕ್ಟರ್ ನೋಡಿದರೂ ಹಿಂದೆ ಅದೇ ಇರೋದು. ನಮ್ಮ ಮ್ಯಾಸಿಯಲ್ಲಿ ಹೈಡ್ರಾಲಿಕ್ ಪಂಪು ಹಿಂದಿನ ಹೌಸಿಂಗಿನ ಹೊಟ್ಟೆಯೊಳಗೆ ಆಯಿಲಿನಲ್ಲಿ ಮುಳುಗಿದೆ. ಅದನ್ನು ತಿರುಗಿಸೋದು ಪಿಟಿಒ ಶಾಫ್ಟ್, ಅಂದರೆ ಹಿಂದೆ ಕಟ್ಟಿದ ಯಂತ್ರಗಳಿಗೆ ಎಂಜಿನ್ ಶಕ್ತಿ ಕೊಡುವ ದಂಡ. ಪಿಟಿಒ ಲಿವರ್ ಹಾಕದೆ ‘ಲಿಫ್ಟ್ ಏಳುತ್ತಿಲ್ಲ’ ಅಂತ ಮೆಕ್ಯಾನಿಕ್ ಕರೆಸಿದವರನ್ನು ನೋಡಿದ್ದೇನೆ.

ನಮ್ಮ ಗಾಡಿಯ ದೂರು ಬೇರೆ. ಉಳುವ ಕಲ್ಟಿವೇಟರ್ ಚುರುಕಾಗೇ ಏಳುತ್ತಿತ್ತು. ಎಂಜಿನ್ ನಿಲ್ಲಿಸಿದರೆ ಮೆಲ್ಲಗೆ ಇಳಿಯುತ್ತಿತ್ತು. ಊರಲ್ಲಿ ಕೇಳಿದವರೆಲ್ಲ ‘ಪಂಪು ಹೋಗಿದೆ, ಹೊಸದು ಹಾಕಿಸು’ ಅಂದರು. ಪಂಪು ಸವೆದಿದ್ದರೆ ಏಳೋದೇ ತಡವಾಗಬೇಕು, ಅಲ್ವಾ? ಎಂಜಿನ್ ಬಿಚ್ಚುವ ಮುಂಚೆಯೇ ನಾನೂ ಮೇಸ್ತ್ರಿಯೂ ಒಂದು ಸಂಜೆ ಕೂತು ನೋಡಿದ್ದೆವು. ಆಯಿಲನ್ನು ಸ್ವಲ್ಪ ಕೆಳಗಿಳಿಸಿ, ಹೌಸಿಂಗಿನ ಪಕ್ಕದ ಮುಚ್ಚಳ ತೆಗೆದೆವು. ಮುಳ್ಳು ನೆಲಕ್ಕೆ ತಾಗಿದರೂ ಯಾರ ಕಾಲಿಗೂ ಸಿಗದ ಹಾಗೆ ಸುತ್ತ ಹಗ್ಗ ಕಟ್ಟಿ, ಕಲ್ಟಿವೇಟರ್ ಎತ್ತಿ, ಎಂಜಿನ್ ನಿಲ್ಲಿಸಿ ಟಾರ್ಚ್ ಬಿಟ್ಟೆವು. ಒಳಗೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ಮೇಲುಗಡೆ ಲಿಫ್ಟ್ ಸಿಲಿಂಡರಿನ ಬಾಯಿಯಿಂದ ಒಂದು ಹನಿ, ಜೇನಿನ ಹಾಗೆ ಎಳೆ ಎಳೆದು ಬಿತ್ತು. ಅದರ ಹಿಂದೆ ಇನ್ನೊಂದು. ಎಣಿಸುತ್ತಾ ಹೋದೆವು. ಹನಿ ಬೀಳುವ ಲೆಕ್ಕಕ್ಕೇ ಕಲ್ಟಿವೇಟರ್ ಇಳಿಯುತ್ತಿತ್ತು. ಕೆಳಗೆ ಪಂಪಿನ ಸುತ್ತ ಆಯಿಲ್ ಕದಲಲೇ ಇಲ್ಲ. ತಪ್ಪು ಪಂಪಿನದಲ್ಲ, ಸಿಲಿಂಡರಿನ ಪಿಸ್ಟನ್ ರಿಂಗಿನದು. ಈಗ ಮೇಲಿನ ಮುಚ್ಚಳವನ್ನು ಚೈನ್ ಪುಲ್ಲಿಯಲ್ಲಿ ಎತ್ತಿ ರಿಂಗು, ಓ ರಿಂಗುಗಳು, ಪ್ಯಾಕಿಂಗ್ ಬದಲಿಸಿದೆವು. ಪಂಪನ್ನು ಮುಟ್ಟಲೇ ಇಲ್ಲ.

ಪಕ್ಕದ ಕೆಲಸ ಕೆಸರಿನ ಗಾಡಿಗಳಿಗೆಲ್ಲ ಬರುವುದೇ. ಹಿಂದಿನ ಡ್ರೈನ್ ಪ್ಲಗ್ ಬಿಚ್ಚಿದಾಗ ಮೊದಲು ಒಂದು ಲೋಟದಷ್ಟು ನೀರು, ಆಮೇಲೆ ಮಜ್ಜಿಗೆ ಬಣ್ಣದ ಆಯಿಲ್ ಬಂತು. ಟ್ರಂಪೆಟ್ ಸೀಲುಗಳು ಸತ್ತಿದ್ದವು, ಬ್ರೇಕ್ ಡ್ರಮ್ಮಿನೊಳಗೆ ಕೆಸರು ಒಣಗಿ ಇಟ್ಟಿಗೆಯಾಗಿತ್ತು. ಸೀಲು, ಬ್ರೇಕ್ ಲೈನರ್ ಹೊಸದು. ಬೇರಿಂಗ್ ಚೆನ್ನಾಗಿತ್ತು, ತೊಳೆದು ಅದನ್ನೇ ಹಾಕಿದೆವು.

ಕ್ರ್ಯಾಂಕ್ ಬಂದ ಮೇಲೆ ಎಂಜಿನ್ ಕಟ್ಟಿದ್ದು ಐದು ದಿನ. ಬ್ಲಾಕ್ ಹಳೆಯದೇ. ಆರ್‌ಸಿಯಲ್ಲಿ ಎಂಜಿನ್ ನಂಬರ್ ಇರುತ್ತದೆ, ಅದಕ್ಕೇ ಅಗ್ಗಕ್ಕೆ ಸಿಗುತ್ತಿದ್ದ ಬೇರೆ ಬ್ಲಾಕ್ ಬೇಡ ಅಂದೆ. ನಾಜಲ್, ಡೀಸೆಲ್ ಪಂಪು ಕ್ಯಾಲಿಬ್ರೇಷನ್ ಮಾಡಿಸಿದೆ. ನಡು ಕೂಡಿಸುವ ಮುಂಚೆ ಅಲ್ಲಿಯದೆಲ್ಲ ಹೊಸದು: ಹಿಂದಿನ ಸೀಲು, ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಫ್ಲೈವ್ಹೀಲಿನ ನಡುವಿನ ಚಿಕ್ಕ ಬೇರಿಂಗ್. ರಿಲೀಸ್ ಬೇರಿಂಗ್ ಇನ್ನೂ ಒಂದು ವರ್ಷ ಬರುತ್ತಿತ್ತೇನೋ. ಆದರೂ ತೆಗೆದೆ. ಒಳಗಿನ ಈ ಸಾಮಾನಿಗೆಲ್ಲ ಕಂಪನಿ ಮಾಲೇ ಹಾಕಿದೆ. ಮಡ್‌ಗಾರ್ಡ್, ಸೀಟು, ದೀಪ ಇವಕ್ಕೆ ಲೋಕಲ್ ಮಾಲು ಸಾಕು, ಬೇಕೆಂದಾಗ ಹೊರಗಿನಿಂದಲೇ ಬದಲಿಸಬಹುದು.

ಬಣ್ಣ ಕೊನೆಗೆ. ಮನೆಯಲ್ಲಿ ತಮ್ಮ ಮೊದಲ ದಿನದಿಂದ ಬಣ್ಣ ಬಣ್ಣ ಅಂತಿದ್ದ. ಇಪ್ಪತ್ತು ಗಂಟೆ ಓಡಿಸಿ, ಎಲ್ಲೂ ಸೋರುತ್ತಿಲ್ಲ ಅಂತ ನೋಡಿಕೊಂಡ ಮೇಲೆ ಬಾನೆಟ್‌ಗೆ ಕೆಂಪು, ಮೈಗೆ ಬೂದು ಹೊಡೆಸಿದೆವು. ಹಳೆಯ ಬಾನೆಟ್ಟನ್ನೇ ಟಿಂಕರಿಂಗ್ ಮಾಡಿಸಿದ್ದು. ಎಡಗಡೆ ಅಪ್ಪ ಒಮ್ಮೆ ಮಾವಿನ ಮರಕ್ಕೆ ತಾಗಿಸಿದ ಗುಳಿ ಇತ್ತು. ಅದನ್ನು ತೆಗೆಯಬೇಡಿ ಅಂತ ಅಪ್ಪನೇ ಹೇಳಿದರು, ಬಿಟ್ಟೆವು.

ಮೊದಲ 50 ಗಂಟೆ ರೊಟವೇಟರ್ ಕಟ್ಟಲಿಲ್ಲ. ಖಾಲಿ ಟ್ರೈಲರ್, ಹಗುರ ಕೆಲಸ, ಆಮೇಲೆ ಆಯಿಲ್, ಫಿಲ್ಟರ್ ಬದಲಿಸಿ, ಟ್ಯಾಪೆಟ್ (ವಾಲ್ವಿನ ಸಂದು) ಮತ್ತೆ ಸೆಟ್ ಮಾಡಿಸಿದೆ. ನಾಲೆಗೆ ನೀರು ಬಂದ ಐದನೇ ದಿನ ಗದ್ದೆಗೆ ಇಳಿಸಿದೆ. ಹೊಗೆ ಈಗ ಕಾಣಲ್ಲ. ಕಲ್ಟಿವೇಟರ್ ರಾತ್ರಿ ಎತ್ತಿಟ್ಟು ನೋಡಿದೆ, ಬೆಳಗ್ಗೆಯೂ ಅಲ್ಲೇ ಇತ್ತು. ನೋಟ್‌ಬುಕ್ಕಿನಲ್ಲಿ ಇನ್ನು ಎರಡು ಸಾಲು ಉಳಿದಿವೆ: ಸ್ಟೀರಿಂಗ್ ಬಾಕ್ಸ್, ಮುಂದಿನ ಆಕ್ಸಲಿನ ಬುಷ್. ಎರಡಕ್ಕೂ ನಡು ಬಿಡಿಸಬೇಕಿಲ್ಲ. ಈ ಭತ್ತ ಕೊಯ್ದ ಮೇಲೆ ಡಿಸೆಂಬರ್‌ನಲ್ಲಿ ಸಿಗುವ ಸಣ್ಣ ಬಿಡುವಿಗೆ ಅಂತ ಬರೆದಿಟ್ಟಿದ್ದೇನೆ.